ಕೈಕೊಡುವ ಯಂತ್ರಗಳು ಮತ್ತು ಸೈಡ್‌ಕಾರಿನ ಚಾಸಿ

ವಾಹನದ ಎಂಜಿನ್, ಚಕ್ರ, ಟ್ಯಾಂಕು, ಸೀಟು ಮೊದಲಾದ ಸಕಲ ಅಂಗಗಳನ್ನೂ ಹೊತ್ತು ನಿಲ್ಲುವ ಉಕ್ಕಿನ ಚೌಕಟ್ಟಿಗೆ ಕರ್ನಾಟಕದ ಗ್ಯಾರೇಜುಗಳಲ್ಲಿ ಚಾಸಿ ಎಂದು ಹೆಸರು. ಕಾರ್ಖಾನೆಯಲ್ಲಿ ಕೊಳವೆಗಳನ್ನು ಅಳತೆಗೆ ಕತ್ತರಿಸಿ, ಬಾಗಿಸಿ, ಜಿಗ್ ಎಂಬ ಅಲುಗಾಡದ ಅಚ್ಚಿನಲ್ಲಿ ಬಿಗಿದು ಬೆಸೆಯುತ್ತಾರೆ. ಮನೆಯಲ್ಲಿ ಅದೇ ಕೆಲಸಕ್ಕೆ ಇಳಿದವನ ಬಳಿ ಅಚ್ಚು ಇರುವುದಿಲ್ಲ, ನಕ್ಷೆ ಯಾವುದೋ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿರುತ್ತದೆ, ಇನ್ನು ಕತ್ತರಿಸುವ, ಕೊರೆಯುವ ಮತ್ತು ಬೆಸೆಯುವ ಮೂರು ಯಂತ್ರಗಳು ಒಂದೇ ದಿನ ಒಟ್ಟಿಗೆ ಸರಿಯಾಗಿದ್ದ ನಿದರ್ಶನಗಳು ವಿರಳ. ಆದ್ದರಿಂದ ಮನೆಯಂಗಳದಲ್ಲಿ ಚಾಸಿ ಕಟ್ಟುವವನು ತಾನು ವಾಹನ ಕಟ್ಟುತ್ತಿದ್ದೇನೆಂದು ಎಷ್ಟೇ ನಂಬಿದ್ದರೂ ಅವನ ದಿನದ ಬಹುಪಾಲು ಯಂತ್ರಗಳ ಶುಶ್ರೂಷೆಯಲ್ಲೇ ಕಳೆಯುತ್ತದೆಯೆಂದೂ, ವಾಹನವು ಆ ಶುಶ್ರೂಷೆಯ ಬಿಡುವಿನಲ್ಲಿ ಹುಟ್ಟುವ ಉಪೋತ್ಪನ್ನವೆಂದೂ ತಿಳಿಯುವುದು ವಸ್ತುಸ್ಥಿತಿಗೆ ಹತ್ತಿರ.

ಇದಕ್ಕೆ ಸೈಡ್‌ಕಾರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಮೋಟಾರ್‌ಸೈಕಲ್ಲಿನ ಪಕ್ಕಕ್ಕೆ ಒಂಟಿ ಚಕ್ರದ ಆಸನವೊಂದನ್ನು ಮೂರು ಅಥವಾ ನಾಲ್ಕು ಕಡೆ ಬೋಲ್ಟು ಬಿಗಿದು ಜೋಡಿಸುವ ಈ ವ್ಯವಸ್ಥೆಯಲ್ಲಿ, ವಾಹನಗಳು ಎಡಬದಿಯಲ್ಲಿ ಸಾಗುವ ಭಾರತದಂಥ ದೇಶದಲ್ಲಿ ಆಸನವು ಎಡಕ್ಕೆ ಬರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿ ಗಾಡಿಗಳು ಇಂದಿಗೂ ಹಲವು ಮನೆಗಳ ಹಿತ್ತಿಲಿನಲ್ಲಿ ಉಳಿದುಕೊಂಡಿರುವುದರಿಂದ ಪ್ರಯೋಗಕ್ಕೆ ಪಾತ್ರ ಹುಡುಕಬೇಕಾಗಿಲ್ಲ. ಒಂದೇ ಲಿವರು ಗೇರೂ ಆಗಿ ಕಿಕ್ಕರೂ ಆಗಿ ದುಡಿಯುವಂತೆ ಮಾಡಿದ ಆ ಗಾಡಿಯ ಮಿತವ್ಯಯವನ್ನು ಕಂಡ ಗೃಹ ತಯಾರಕನಿಗೆ, ಅದೇ ಗಾಡಿ ಇನ್ನೊಂದು ಚಕ್ರವನ್ನೂ ಇಬ್ಬರು ಮಕ್ಕಳನ್ನೂ ಎಳೆಯಬಲ್ಲದೆಂದು ತೋರಿದರೆ ಅದರಲ್ಲಿ ತರ್ಕದ ಕೊರತೆ ಇದೆಯೆನ್ನಲಾಗದು.

ಮೊದಲು ಪೈಪು ತರಬೇಕು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಆಸುಪಾಸಿನಲ್ಲಾಗಲಿ ಯಾವುದೇ ಊರಿನ ಗುಜರಿ ಅಂಗಡಿಯಲ್ಲಾಗಲಿ ದೊರೆಯುವ ಕೊಳವೆಗಳಲ್ಲಿ ಚಾಸಿಗೆ ಸಲ್ಲುವುದು ಎಂ.ಎಸ್. ಪೈಪು, ಅಂದರೆ ಮೆದು ಉಕ್ಕಿನದು; ನೀರಿಗೆ ಬಳಸುವ ಜಿ.ಐ. ಪೈಪು ಅಗ್ಗವಾಗಿ ಕಂಡರೂ ಅದರ ಮೇಲಿನ ಸತುವಿನ ಲೇಪ ಬೆಸೆಯುವಾಗ ಬಿಳಿ ಹೊಗೆಯಾಗಿ ಎದ್ದು, ಸಂಜೆಯ ಹೊತ್ತಿಗೆ ಬೆಸೆದವನಿಗೆ ಚಳಿಜ್ವರ ತರಿಸುತ್ತದೆ. ಕೊಳವೆಯ ಗೋಡೆಯ ದಪ್ಪವನ್ನು ಅಂಗಡಿಯವರು ಗೇಜಿನಲ್ಲಿ ಹೇಳುತ್ತಾರೆ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಗೋಡೆ ತೆಳುವಾಗುವುದರಿಂದ, 14 ಗೇಜ್ ಸುಮಾರು 2 ಮಿ.ಮೀ. ಮತ್ತು 16 ಗೇಜ್ ಸುಮಾರು 1.6 ಮಿ.ಮೀ. ಎಂಬುದನ್ನು ಅರಿಯದವನು "ಇನ್ನೂ ಗಟ್ಟಿಯದು ಕೊಡಿ" ಎನ್ನುತ್ತ 18ಕ್ಕೆ ಏರಿ, ತಗಡಿನ ಡಬ್ಬಿಯಷ್ಟು ತೆಳುವಾದುದನ್ನು ಹೆಮ್ಮೆಯಿಂದ ಹೊತ್ತು ಮನೆಗೆ ಬರುವುದುಂಟು.

ತಂದ ಕೊಳವೆಯನ್ನು ಬೆಸೆಯುವ ಯಂತ್ರವೇ ಈ ಶಾಸ್ತ್ರದ ಕೇಂದ್ರ. ಆರ್ಕ್ ವೆಲ್ಡಿಂಗ್ ಎಂದರೆ ವಿದ್ಯುತ್ ಕಿಡಿಯ ಶಾಖದಲ್ಲಿ ಎರಡು ಲೋಹದ ಅಂಚುಗಳನ್ನು ಕರಗಿಸಿ, ರಾಡಿನ ಲೋಹವನ್ನೂ ಅದಕ್ಕೆ ಬೆರೆಸಿ ಒಂದಾಗಿಸುವ ವಿಧಾನ. ಮನೆಗೆ ಬರುವ 230 ವೋಲ್ಟನ್ನು 65ರ ಆಸುಪಾಸಿಗೆ ಇಳಿಸಿ, ಅದಕ್ಕೆ ಪ್ರತಿಯಾಗಿ ಆಂಪಿಯರನ್ನು ಏರಿಸುವ ಟ್ರಾನ್ಸ್‌ಫಾರ್ಮರು ಇದರ ಹೃದಯ. 2.5 ಮಿ.ಮೀ. ರಾಡನ್ನು 80 ಆಂಪಿಯರಿನಲ್ಲಿ ಉರಿಸಿದರೆ ಗೋಡೆಯ ಪಾಯಿಂಟಿನಿಂದ ಹೆಚ್ಚುಕಡಿಮೆ 22 ಆಂಪಿಯರ್ ಎಳೆಯಬೇಕಾಗುತ್ತದೆ. ಮನೆಯಲ್ಲಿರುವ ಅತಿ ದೊಡ್ಡ ಪಾಯಿಂಟು 16 ಆಂಪಿಯರಿನದು, ಅದೂ ಗೀಸರಿಗೆಂದು ಹಾಕಿಸಿದ್ದಾದ್ದರಿಂದ ಬಚ್ಚಲುಮನೆಯಲ್ಲಿರುತ್ತದೆ. ಅಲ್ಲಿಂದ ಅಂಗಳದವರೆಗೆ ಹಾಯುವ ತೆಳ್ಳನೆಯ ವೈರು ತಾನೂ ಬಿಸಿಯಾಗಿ, ದಾರಿಯಲ್ಲಿಯೇ ಒಂದಿಷ್ಟು ವೋಲ್ಟೇಜನ್ನು ನುಂಗಿ, ಉಳಿದದ್ದನ್ನು ಯಂತ್ರಕ್ಕೆ ತಲುಪಿಸುತ್ತದೆ. ಸಂಜೆ ಬೀದಿಯ ಮೋಟರುಗಳೆಲ್ಲ ಒಟ್ಟಿಗೆ ನೀರೆತ್ತಲು ತೊಡಗಿ ವೋಲ್ಟೇಜು 180ಕ್ಕೆ ಕುಸಿದರೆ, ಯಂತ್ರದ 65 ವೋಲ್ಟು 51ಕ್ಕೆ ಇಳಿಯುತ್ತದೆ. ಆಗ ಕಿಡಿ ಹತ್ತುವ ಬದಲು ರಾಡು ಪೈಪಿಗೆ ಅಂಟಿಕೊಂಡು, ಟ್ರಾನ್ಸ್‌ಫಾರ್ಮರು ಗುಂಯ್‌ಗುಡುತ್ತ ಕಾದು, ರಾಡು ಕೆಂಪಗಾಗುತ್ತದೆ. ಅದನ್ನು ಬಿಡಿಸಲು ಹೋಲ್ಡರನ್ನು ಎಡಕ್ಕೂ ಬಲಕ್ಕೂ ತಿರುಚುವ ಭಂಗಿಯನ್ನು ದೂರದಿಂದ ಕಂಡವರು ಮನೆಯ ಯಜಮಾನ ಯಾವುದೋ ಪ್ರಾಣಿಯ ಬಾಲ ಹಿಡಿದಿದ್ದಾನೆಂದು ತಿಳಿಯುವ ಸಂಭವವಿದೆ. ಇಷ್ಟರಲ್ಲಿ ಒಳಗಿನಿಂದ "ರೀ, ಮಿಕ್ಸಿ ಅಳ್ತಾ ಇದೆ, ಚಟ್ನಿ ಆಗೋವರೆಗಾದ್ರೂ ನಿಲ್ಲಿಸ್ತೀರಾ?" ಎಂಬ ಮಾತು ಕೇಳಿಬರುವುದು ವಾಡಿಕೆ. ಹಳ್ಳಿಯ ಕಡೆ ಈ ಸಂಕಟ ಬೇರೆ ರೂಪದಲ್ಲಿದೆ: ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಗೊತ್ತಾದ ಗಂಟೆಗಳಲ್ಲಿ ಮಾತ್ರ ಬರುವುದರಿಂದ ದೊಡ್ಡ ವೆಲ್ಡಿಂಗ್ ಸೆಟ್ಟು ಇಟ್ಟುಕೊಂಡವನು ನಡುರಾತ್ರಿ ಎದ್ದು ಪೈಪು ಬೆಸೆಯಬೇಕಾಗುತ್ತದೆ, ಟಿ.ಸಿ., ಅಂದರೆ ಊರಿನ ಕರೆಂಟಿನ ಟ್ರಾನ್ಸ್‌ಫಾರ್ಮರು, ಸುಟ್ಟುಹೋದರೆ ಊರಿನ ಬಾಯಲ್ಲಿ ಅದರ ಹೊಣೆಯೂ ಅವನದೇ ಆಗುತ್ತದೆ.

ರಾಡಿನ ಗುಣವೂ ಕಡಿಮೆ ಪಾತ್ರ ವಹಿಸುವುದಿಲ್ಲ. ಮನೆಕೆಲಸಕ್ಕೆ ರೂಢಿಯಲ್ಲಿರುವ 6013 ಎಂಬ ರಾಡಿನ ಮೊದಲ ಎರಡು ಅಂಕಿಗಳು ಬೆಸುಗೆಯ ಎಳೆತ ಬಲವನ್ನು, ಅಂದರೆ ಪ್ರತಿ ಚದರ ಇಂಚಿಗೆ 60,000 ಪೌಂಡನ್ನು, ಸೂಚಿಸುತ್ತವೆ; ಆದರೆ ಮಲೆನಾಡಿನ ಮಳೆಗಾಲದಲ್ಲಿ ರಾಡಿನ ಮೈಮೇಲಿನ ಲೇಪ ತೇವ ಹೀರಿಕೊಂಡಾಗ ಬೆಸುಗೆಯ ತುಂಬ ಗುಳ್ಳೆಗಳು ಏಳುವುದರಿಂದ ಆ ಅಂಕಿಗಳನ್ನು ಆಸೆಯ ಮಟ್ಟಿಗೆ ಮಾತ್ರ ಓದಿಕೊಳ್ಳಬೇಕು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಡಬ್ಬದ ಪಕ್ಕಕ್ಕೆ ರಾಡಿನ ಕಟ್ಟನ್ನು ಇಡುವ ಪದ್ಧತಿ ಈ ಕಾರಣಕ್ಕೆ ಹುಟ್ಟಿದ್ದು. ಕಪ್ಪು ಗಾಜಿಲ್ಲದೆ, ಕಣ್ಣು ಕಿರಿದು ಮಾಡಿದರೆ ಸಾಕೆಂಬ ನಂಬಿಕೆಯಿಂದ ಬೆಸೆದವನ ಬಗ್ಗೆ ಹೇಳುವುದಾದರೆ, ಹಗಲೆಲ್ಲ ಅವನಿಗೆ ಏನೂ ಆಗುವುದಿಲ್ಲ, ನಡುರಾತ್ರಿಯಲ್ಲಿ ಕಣ್ಣಿಗೆ ಮರಳು ತುಂಬಿದಂಥ ಉರಿ ಶುರುವಾಗುತ್ತದೆ, ಮತ್ತು ಆ ಹೊತ್ತಿನಲ್ಲಿ ಎದ್ದ ಮನೆಮಂದಿ ಹೇಳುವ ಮಾತುಗಳಲ್ಲಿ ಸೈಡ್‌ಕಾರಿನ ಪ್ರಸ್ತಾಪ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ.

ಕತ್ತರಿಸುವ ಯಂತ್ರವಾದ ಗ್ರೈಂಡರಿನ ಸ್ವಭಾವವನ್ನು ಇನ್ನೂ ಹತ್ತಿರದಿಂದ ನೋಡಬೇಕು. ನಿಮಿಷಕ್ಕೆ 11,000 ಸುತ್ತು ತಿರುಗುವ ನಾಲ್ಕಿಂಚಿನ ಡಿಸ್ಕಿನ ಅಂಚು ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಚಲಿಸುವುದರಿಂದ, ಇಡೀ ಯೋಜನೆಯಲ್ಲಿ ಅತಿ ವೇಗವಾಗಿ ಓಡಿದ ವಸ್ತು ಇದೇ. ತಯಾರಾಗುವ ವಾಹನ ಇದರ ಹತ್ತಿರಕ್ಕೂ ಸುಳಿಯಲಾರದು. ಮೋಟರಿನೊಳಗೆ ತಿರುಗುವ ಆರ್ಮೇಚರಿಗೆ ವಿದ್ಯುತ್ತು ಮುಟ್ಟಿಸುವ ಬೆರಳುಗುರಿನಷ್ಟು ಗಾತ್ರದ ಎರಡು ಕಾರ್ಬನ್ ಬ್ರಷ್ಷುಗಳು ಸವೆದು ಗಿಡ್ಡವಾದಂತೆ ಹಿಂದಿನ ಸ್ಪ್ರಿಂಗಿನ ಒತ್ತಡ ಸಾಲದಾಗಿ, ಯಂತ್ರವು ಕೆಲವು ಭಂಗಿಗಳಲ್ಲಿ ಮಾತ್ರ ಓಡುತ್ತದೆ: ಹ್ಯಾಂಡಲನ್ನು ಆಕಾಶಕ್ಕೆ ಎತ್ತಿದರೆ ತಿರುಗಿ, ಪೈಪಿನ ಮೇಲಿಟ್ಟರೆ ನಿಂತು, ಬೆನ್ನಿಗೊಂದು ಏಟು ಕೊಟ್ಟರೆ ಮತ್ತೆ ಎಚ್ಚರಗೊಳ್ಳುತ್ತದೆ. ಜಾರುವ ಸ್ವಿಚ್ಚಿನೊಳಗೆ ಕಬ್ಬಿಣದ ಪುಡಿ ಸೇರಿ ಅದು ಮುಂದಕ್ಕೆ ಹೋದದ್ದು ಹಿಂದಕ್ಕೆ ಬರದಂತಾದಾಗ, ಯಂತ್ರ ನಿಲ್ಲಿಸಲು ಉಳಿಯುವ ಮಾರ್ಗ ಪ್ಲಗ್ ಕೀಳುವುದೊಂದೇ. ಅಂಥ ಸ್ಥಿತಿಯಲ್ಲಿ ಕರೆಂಟು ಹೋದರೆ ಏನಾಗುವುದೆಂಬುದನ್ನು ವಿವರವಾಗಿ ಹೇಳಬೇಕು. ಕರೆಂಟು ಹೋಗುತ್ತಲೇ ತಯಾರಕ ನಿಟ್ಟುಸಿರಿಟ್ಟು, ಗ್ರೈಂಡರನ್ನು ಸ್ಟೂಲಿನ ಮೇಲೆ ಮಲಗಿಸಿ, ಪ್ಲಗ್ಗಿನ ನೆನಪಿಲ್ಲದೆ ಕಾಫಿಗೆ ಒಳಗೆ ಹೋಗುತ್ತಾನೆ; ಲೋಟ ತುಟಿಗೆ ಸೇರುವ ಹೊತ್ತಿಗೆ ಕರೆಂಟು ಬಂದು, ಗ್ರೈಂಡರು ತಾನಾಗಿ ಚೀರಿ, ಸ್ಟೂಲಿನಿಂದ ನೆಲಕ್ಕೆ ಹಾರಿ, ತನ್ನ ವೈರಿನ ಉದ್ದದ ವೃತ್ತದಲ್ಲಿ ಕಿಡಿ ಕಾರುತ್ತ ಅಂಗಳ ಸುತ್ತತೊಡಗುತ್ತದೆ, ಒಂದು ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಓರೆಯಾಗಿ ಕತ್ತರಿಸಿ ತುಳಸಿಕಟ್ಟೆಯ ಬುಡದಲ್ಲಿ ಡಿಸ್ಕು ಮುರಿದುಕೊಂಡ ಮೇಲೂ ಮೋಟರು ಮಾತ್ರ ಓಡುತ್ತಲೇ ಇರುತ್ತದೆ. ಅಷ್ಟು ದಿನ ಏಟಿಲ್ಲದೆ ಓಡದಿದ್ದ ಯಂತ್ರ ಆ ಐದು ನಿಮಿಷ ಹೊಸದರಂತೆ ಓಡಿದ್ದೇಕೆ ಎಂಬ ಪ್ರಶ್ನೆಗೆ ವಿದ್ಯುತ್ ಶಾಸ್ತ್ರದಲ್ಲಿ ಉತ್ತರವಿದೆ (ಬಿದ್ದ ಏಟಿಗೆ ಬ್ರಷ್ಷು ತನ್ನ ಜಾಗಕ್ಕೆ ಕೂತಿರುತ್ತದೆ). ಮನೆಯ ಹಿರಿಯರು ನೀಡುವ ಉತ್ತರದಲ್ಲಿ ಗ್ರಹಗತಿಯ ಪಾಲೂ ಇರುತ್ತದೆ.

ಡ್ರಿಲ್ಲಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕಿನ ಕೀಲಿ ಕಳೆದುಹೋಗಿರುತ್ತದೆ, ದುಂಡು ಪೈಪಿನ ಮೇಲೆ ಸೆಂಟರ್ ಪಂಚಿನಿಂದ ಗುಳಿ ಮಾಡದೆ ಇಟ್ಟ ಬಿಟ್ಟು ಜಾರಿ ಬೇರೆಲ್ಲೋ ತೂತು ಮಾಡುತ್ತದೆ, ತೂತು ಎಲ್ಲಿ ಬಿತ್ತೋ ಅಲ್ಲಿಗೇ ನಕ್ಷೆಯನ್ನು ತಿದ್ದಲಾಗುತ್ತದೆ.

ಬಾಗಿಸುವ ಹಂತದಲ್ಲಿ ವಿದ್ಯುತ್ತಿನ ಹಂಗಿಲ್ಲವೆಂದು ಸಮಾಧಾನಪಡುವವರಿಗೆ ಒಂದು ಎಚ್ಚರಿಕೆ ಅಗತ್ಯ. ಖಾಲಿ ಕೊಳವೆಯನ್ನು ಬಾಗಿಸಿದರೆ ಒಳಮಗ್ಗುಲು ಸುಕ್ಕುಗಟ್ಟಿ ಚಪ್ಪಟೆಯಾಗುವುದರಿಂದ, ಮರಳು ತುಂಬಿ ಎರಡೂ ತುದಿಗಳಿಗೆ ಮರದ ಬೆಣೆ ಬಡಿದು, ಕಾಯಿಸಿ ಬಾಗಿಸುವುದು ಹಳೆಯ ಕಮ್ಮಾರ ಕ್ರಮ. ಮರಳು ಚೆನ್ನಾಗಿ ಒಣಗಿರದಿದ್ದರೆ ಒಳಗಿನ ತೇವ ಉಗಿಯಾಗಿ ಬೆಣೆಯನ್ನು ಪಕ್ಕದ ಮನೆಯ ಕಾಂಪೌಂಡಿನವರೆಗೆ ಕಳುಹಿಸಬಲ್ಲದು. ಒಂದು ಕೊಳವೆ ಇನ್ನೊಂದಕ್ಕೆ ಸೇರುವಲ್ಲಿ ಅದರ ತುದಿಯನ್ನು ಮೀನಿನ ಬಾಯಿಯ ಆಕಾರಕ್ಕೆ ಕೊರೆದು ಕೂರಿಸಬೇಕು. ಸಂದು ಉಳಿದಷ್ಟೂ ಅದನ್ನು ರಾಡಿನ ಲೋಹದಿಂದಲೇ ತುಂಬಬೇಕಾಗುತ್ತದೆ, ತುಂಬಿದ ಲೋಹ ಆರುವಾಗ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ಉಕ್ಕಿನ ಒಂದು ಮೀಟರ್ ಕೊಳವೆ ನೂರು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 1.2 ಮಿ.ಮೀ. ಹಿಗ್ಗುತ್ತದೆ, ಬೆಸುಗೆಯ ಬಾಯಲ್ಲಿ ಲೋಹವೇ ಕರಗುವಷ್ಟು ಶಾಖವಿರುವಾಗ ಚೌಕಟ್ಟು ರಾತ್ರೋರಾತ್ರಿ ಸೊಟ್ಟಗಾಗುವುದು ಆಶ್ಚರ್ಯವಲ್ಲ. ಇದನ್ನು ತಡೆಯಲು ಮೊದಲು ನಾಲ್ಕೂ ಮೂಲೆಗಳಲ್ಲಿ ಟ್ಯಾಕ್ ಎಂಬ ಚುಕ್ಕೆ ಬೆಸುಗೆ ಹಾಕಿ, ಆನಂತರ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಮುಗಿಸಬೇಕೆಂದು ಬಲ್ಲವರು ಹೇಳುತ್ತಾರೆ, ಆದರೆ ಕರೆಂಟು ಈಗಲೋ ಆಗಲೋ ಎನ್ನುತ್ತಿರುವಾಗ ಒಂದೇ ಮೂಲೆಯನ್ನು ಪೂರ್ತಿ ಮುಗಿಸಿಬಿಡುವ ಪ್ರಲೋಭನೆ ಬಲ್ಲವರನ್ನೂ ಬಿಡದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಜೋಡಣೆ. ಸೈಡ್‌ಕಾರಿನ ಚಕ್ರವು ಮೋಟಾರ್‌ಸೈಕಲ್ಲಿನ ಚಕ್ರಗಳಿಗೆ ಸಮಾನಾಂತರವಾಗಿರದೆ, ಮುಂದಿನ ಅಂತರ ಹಿಂದಿನದಕ್ಕಿಂತ ಸುಮಾರು 12ರಿಂದ 25 ಮಿ.ಮೀ. ಕಡಿಮೆಯಾಗುವಂತೆ ಒಳಮುಖವಾಗಿರಬೇಕು, ಇದಕ್ಕೆ ಟೋ-ಇನ್ ಎನ್ನುತ್ತಾರೆ. ಪಕ್ಕದ ಭಾರ ಸದಾ ಗಾಡಿಯನ್ನು ತನ್ನ ಕಡೆಗೆ ಎಳೆಯುವುದರಿಂದ ಈ ಏರ್ಪಾಡು ಅನಿವಾರ್ಯ, ಇಲ್ಲದಿದ್ದರೆ ವಾಹನವು ಎಡಬದಿಯ ಪ್ರತಿಯೊಂದು ಬೀಡಾ ಅಂಗಡಿಯತ್ತಲೂ ವಾಲುತ್ತ ಸಾಗುತ್ತದೆ. ಜೊತೆಗೆ ಮೋಟಾರ್‌ಸೈಕಲ್ಲು ತಾನು ಒಂದೆರಡು ಡಿಗ್ರಿ ಬಲಕ್ಕೆ, ಅಂದರೆ ಸೈಡ್‌ಕಾರಿನಿಂದ ಆಚೆಗೆ, ಓರೆಯಾಗಿ ನಿಲ್ಲಬೇಕು. ಇದನ್ನೆಲ್ಲ ಅಳೆಯಲು ಮಟ್ಟಸವಾದ ನೆಲ ಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ಕಟ್ಟಿದವರು ಮನೆಯ ಅಂಗಳದಲ್ಲಿ ಸೈಡ್‌ಕಾರು ಜೋಡಿಸಿರಲಿಕ್ಕಿಲ್ಲ, ಯಾಕೆಂದರೆ ಇಲ್ಲಿ ನೆಲ ನಿಜಕ್ಕೂ ಡೊಂಕು: ತೊಳೆದ ನೀರು ಮೋರಿಗೆ ಹರಿಯಲೆಂದು ಗಾರೆಯವನು ಹತ್ತು ಅಡಿಗೆ ಒಂದಿಂಚಿನಂತೆ ವಾಟ ಕೊಟ್ಟಿರುತ್ತಾನೆ, ಅದು ಸುಮಾರು ಅರ್ಧ ಡಿಗ್ರಿಯ ಓರೆ. ರಸಮಟ್ಟವನ್ನು ಚಾಸಿಯ ಮೇಲಿಟ್ಟು ಗುಳ್ಳೆ ನಡುವಿಗೆ ಬರುವವರೆಗೆ ಬೋಲ್ಟು ತಿರುಗಿಸಿದರೂ, ನೆಲಕ್ಕೆ ಹೋಲಿಸಿ ಕಣ್ಣಳತೆಯಲ್ಲಿ ಮಾಡಿದರೂ, ಎರಡು ಉತ್ತರಗಳ ನಡುವೆ ಆ ಅರ್ಧ ಡಿಗ್ರಿ ಉಳಿದುಕೊಳ್ಳುತ್ತದೆ. ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಟ್ಯೂಬಿನಿಂದ ಇದನ್ನು ಸರಿಪಡಿಸಬಹುದು. ನಾಲ್ಕು ಜನರನ್ನು ಟ್ಯೂಬಿನ ತುದಿ ಹಿಡಿಯಲು ಕರೆದಾಗ ಅವರಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ಅಭಿಪ್ರಾಯವಿರುವುದೇ ಅಡಚಣೆ.

ಒಂಟಿಯಾಗಿ, ಮನೆಯ ಹಿತ್ತಿಲಿನಲ್ಲಿ ದುಡಿದವರಿಗೆ ಚರಿತ್ರೆಯಲ್ಲಿ ಸ್ಥಾನವಿಲ್ಲವೆಂದಲ್ಲ. ಕಾಲಿನ್ ಚಾಪ್‌ಮನ್ ತನ್ನ ಮೊದಲ ಲೋಟಸ್ ಕಾರನ್ನು 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದರಿಂದ ಲಂಡನ್ನಿನ ಗ್ಯಾರೇಜೊಂದರಲ್ಲಿ ಕಟ್ಟಿದ. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಪಟ್ಟಣದ ಬರ್ಟ್ ಮನ್ರೋ 1920ರ ಇಂಡಿಯನ್ ಸ್ಕೌಟ್ ಗಾಡಿಯನ್ನು ತನ್ನ ಶೆಡ್ಡಿನಲ್ಲಿ ದಶಕಗಳ ಕಾಲ ತಿದ್ದುತ್ತ ಹೋಗಿ, 1967ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಗಂಟೆಗೆ 183 ಮೈಲಿಗೂ ಮಿಕ್ಕಿದ ವೇಗದ ದಾಖಲೆ ಬರೆದ. ಒಡೆದುಹೋದ ಪಿಸ್ಟನ್ನು ಮುಂತಾದ ಬಿಡಿಭಾಗಗಳನ್ನು ಅವನು ಎಸೆಯದೆ, ವೇಗದ ದೇವರಿಗೆ ಅರ್ಪಣೆ ಎಂಬರ್ಥದ ಬರಹವಿದ್ದ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದನು. ಕರ್ನಾಟಕದಲ್ಲಿ ಇಂಥ ಅರ್ಪಣೆಗೆ ಆಯುಧಪೂಜೆಯೆಂಬ ದಿನವೇ ಗೊತ್ತಾಗಿದೆ. ಅಂದು ಗ್ರೈಂಡರು, ಡ್ರಿಲ್ಲು, ಟ್ರಾನ್ಸ್‌ಫಾರ್ಮರು ಮೂರನ್ನೂ ಒರೆಸಿ, ಹೂವು ಮುಡಿಸಿ, ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ದೃಷ್ಟಿ ತೆಗೆಯುತ್ತಾರೆ. ಭಕ್ತಿ ಹೆಚ್ಚಾದಲ್ಲಿ ಕುಂಕುಮವು ಗ್ರೈಂಡರಿನ ಸ್ವಿಚ್ಚಿನ ಸಂದಿಗೂ ಇಳಿಯುತ್ತದೆ, ಹೀಗಾಗಿ ವಿಜಯದಶಮಿಯ ಮರುದಿನ ಕಾರ್ಬನ್ ಬ್ರಷ್ ಮಾರುವವನ ಅಂಗಡಿಯಲ್ಲಿ ಪರಿಚಿತ ಮುಖಗಳು ಕಾಣಿಸುತ್ತವೆ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ ದಾಖಲಾದ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಬದಲಿಸಕೂಡದು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳವರೆಗಿನ ಸೆರೆವಾಸವನ್ನೋ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಲು ಅವಕಾಶ ಮಾಡಿದೆ. ಬದಲಾವಣೆಗಳನ್ನು ಎಣಿಸಿ ದಂಡ ಹಾಕುವ ಈ ಕ್ರಮದಲ್ಲಿ, ಜಾರಿದ ತೂತುಗಳನ್ನೂ ಪ್ರತ್ಯೇಕವಾಗಿ ಲೆಕ್ಕ ಹಿಡಿಯುವುದಾದರೆ ಮನೆ ಮಾರಬೇಕಾದೀತು. ಆದ್ದರಿಂದ ವಿವೇಕಿಗಳು ಚಾಸಿ ನಂಬರು ಕೆತ್ತಿದ ಜಾಗದ ಹತ್ತಿರ ಗ್ರೈಂಡರನ್ನು ಸುಳಿಯಗೊಡದೆ, ಆರ್.ಟಿ.ಓ. ಒಪ್ಪಿಗೆ ದೊರೆಯುವ ತನಕ ಗಾಡಿಯನ್ನು ಗೇಟಿನಾಚೆ ಕೊಂಡೊಯ್ಯದೆ, ತಮ್ಮ ಜಮೀನಿನ ಬದುವಿನ ಹಾದಿಯಲ್ಲಷ್ಟೇ ಓಡಿಸಿ ನೋಡುತ್ತಾರೆ.

ಆ ಓಟದಲ್ಲಿ ಒಂದು ಅಂಶ ಬೇಗ ಗೊತ್ತಾಗುತ್ತದೆ. ಸೈಡ್‌ಕಾರು ಎಡಕ್ಕಿರುವ ಗಾಡಿಯನ್ನು ಎಡಕ್ಕೆ ತಿರುಗಿಸಿದಾಗ, ಆಸನ ಖಾಲಿಯಿದ್ದರೆ ಅದರ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಅದನ್ನು ಒತ್ತಿ ಹಿಡಿಯಲು ನಲವತ್ತೈವತ್ತು ಕಿಲೋ ಭಾರ ಇಡಬೇಕು. ಹೆಂಡತಿ ಕೂರಲು ಒಪ್ಪುವುದಿಲ್ಲ, ಮಕ್ಕಳನ್ನು ಕೂರಿಸಲು ಅವಳು ಒಪ್ಪುವುದಿಲ್ಲ, ಅಕ್ಕಿಮೂಟೆ ಮುಟ್ಟಲು ಅಮ್ಮ ಬಿಡುವುದಿಲ್ಲ. ಅದೃಷ್ಟಕ್ಕೆ ಕೊನೆಯ ಬೆಸುಗೆಯ ವೇಳೆಗೆ ವೈಂಡಿಂಗ್ ಸುಟ್ಟುಕೊಂಡು ಮೂಲೆ ಸೇರಿದ ತಾಮ್ರದ ಟ್ರಾನ್ಸ್‌ಫಾರ್ಮರು ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅದನ್ನು ಆಸನದ ಮೇಲೆ ಹಗ್ಗದಿಂದ ಬಿಗಿದರೆ ಗಾಡಿ ತಿರುವುಗಳಲ್ಲಿ ಅಲುಗದೆ ನಿಲ್ಲುತ್ತದೆ, ಮತ್ತು ಆರ್.ಟಿ.ಓ. ಕಾಗದ ಕೈಸೇರಿದ ದಿನ ಅದೇ ಗಾಡಿ ಅದೇ ಭಾರವನ್ನು ಹೊತ್ತು ನೇರವಾಗಿ ರಿವೈಂಡಿಂಗ್ ಅಂಗಡಿಗೆ ಹೊರಡುತ್ತದೆ.