ಖುದ್ದಾಗಿ ಬರತಕ್ಕದ್ದು

ಕನ್ಸಲ್ಟಿಂಗ್ ಕಂಪನಿಯ ನೇಮಕಾತಿ ವಿಭಾಗದ ಹಿರಿಯರಿಗೆ,

ದುಂದು ಎಲ್ಲಿದೆ ಎಂದು ಕಂಡವರ ಕಂಪನಿಗೆ ತೋರಿಸಿಕೊಟ್ಟು ಶುಲ್ಕ ಎಣಿಸಿಕೊಳ್ಳುವವರು ನೀವು. ನಿಮಗೆ ಬುದ್ಧಿ ಹೇಳುವುದು ಅಧಿಕಪ್ರಸಂಗ. ಆದರೂ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಕೂತು ಬಂದವನಿಗೆ ಅಷ್ಟು ಹಕ್ಕಾದರೂ ಇರಬೇಕಲ್ಲ?

'ಅಂತಿಮ ಸುತ್ತಿಗೆ ಖುದ್ದಾಗಿ ಬರತಕ್ಕದ್ದು' ಎಂದು ಮೇಲ್ ಕಳಿಸಿದ್ದಿರಿ. ಆ ಸಾಲಿಗೆ ದಪ್ಪಕ್ಷರ, ಅಡಿಗೆರೆ ಎರಡೂ ಇದ್ದವು. ಖುದ್ದಾಗಿಯೇ ಬಂದೆ. ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ರೂಂಮೇಟ್‌ನ ಬ್ಲೇಜರ್ ಏರಿಸಿ, ಅದರ ಇಸ್ತ್ರಿ ಕೆಡಬಾರದೆಂದು ಮೆಟ್ರೊದಲ್ಲಿ ಸೀಟಿದ್ದರೂ ನಿಂತುಕೊಂಡೇ ವೈಟ್‌ಫೀಲ್ಡ್ ಮುಟ್ಟಿದೆ. ಊಟದ ಹೊತ್ತು ಮೀರುವವರೆಗೆ ರಿಸೆಪ್ಷನ್ನಿನಲ್ಲಿ ಕೂರಿಸಿದಿರಿ. ಆಮೇಲೆ ಗಾಜಿನ ಕೋಣೆಗೆ ಕರೆದೊಯ್ದು, ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ತೆರೆದು, 'ಸರ್ ಗುರುಗ್ರಾಮದಿಂದ ಜಾಯಿನ್ ಆಗ್ತಾರೆ' ಎಂದು ಬಾಗಿಲು ಎಳೆದುಕೊಂಡು ಹೋದಿರಿ.

ಸ್ವಾಮಿ, ಲ್ಯಾಪ್‌ಟಾಪ್ ನಮ್ಮ ಹಾಸ್ಟೆಲಿನಲ್ಲೂ ಇದೆ.

ಇಲ್ಲಿಯ ತನಕ ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದೇನೆ. ರೆಸ್ಯೂಮೆ ಅಪ್‌ಲೋಡ್ ಮಾಡಿ ಎಂದಿರಿ, ಮಾಡಿದೆ. ಅದರಲ್ಲಿದ್ದದ್ದನ್ನೇ ಮತ್ತೆ ಕಾಲಂ ಕಾಲಂ ತುಂಬಿಸಿ ಎಂದಿರಿ, ತುಂಬಿಸಿದೆ. ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿರುವಾಗ, ಆಚೆ ಕಡೆ ಯಾರೂ ಇಲ್ಲದ ಕ್ಯಾಮೆರಾಕ್ಕೆ ಹಲ್ಲು ಬಿಟ್ಟು 'ಕನ್ಸಲ್ಟಿಂಗೇ ಯಾಕೆ' ಎಂದು ವಿವರಿಸಿದೆ. (ಸಂಬಳಕ್ಕೆ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲವಂತೆ.) ಮೆಸ್ ಕಮಿಟಿಯಲ್ಲಿದ್ದೆ ಅಂತಷ್ಟೇ ಬರೆದರೆ ಸಾಲದು, ಏನು ಸಾಧಿಸಿದೆ ಅನ್ನುವುದು ಅಂಕಿಯಲ್ಲಿರಬೇಕು ಎಂದರು ಸೀನಿಯರ್‌ಗಳು. 'ಉಪ್ಪಿಟ್ಟು ಪೋಲಾಗುವುದರಲ್ಲಿ ಶೇ 30 ಇಳಿಕೆ' ಎಂದು ಹಾಕಿದೆ. ಆ ಉಪ್ಪಿಟ್ಟನ್ನು ತೂಗಿದವರು ಯಾರು ಎಂದು ನೀವೂ ಕೇಳಲಿಲ್ಲ.

ಓದಿದ್ದೇನು ಕಡಿಮೆಯೇ? ಮಾರ್ಕ್ ಕಾಸೆಂಟಿನೊ ಬರೆದ ಸಂದರ್ಶನ ತಯಾರಿಯ ಪುಸ್ತಕ 'ಕೇಸ್ ಇನ್ ಪಾಯಿಂಟ್' ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿ ರಟ್ಟು ಕಿತ್ತುಹೋಗಿದೆ. ಯಾವ ಸಮಸ್ಯೆಯನ್ನಾದರೂ ಒಂದರ ಮೇಲೊಂದು ಬೀಳದಂತೆ, ಏನೂ ಬಿಟ್ಟುಹೋಗದಂತೆ ಭಾಗ ಮಾಡಬೇಕೆಂಬ ಬಾರ್ಬರಾ ಮಿಂಟೊ ಸೂತ್ರ ನಿದ್ದೆಗಣ್ಣಿನಲ್ಲೂ ಬರುತ್ತದೆ. ಕನ್ಸಲ್ಟಿಂಗ್ ಕಂಪನಿ ಬಿಸಿಜಿಯವರು ವ್ಯಾಪಾರಗಳನ್ನು ವಿಂಗಡಿಸಲು 1970ರಲ್ಲಿ ಬರೆದ ಚೌಕದ ಹಸು, ನಾಯಿ, ನಕ್ಷತ್ರ ಎಲ್ಲ ಬಾಯಿಪಾಠ. ನಮ್ಮ ಹಿತ್ತಲಲ್ಲೂ ಹಸು, ನಾಯಿ ಇವೆ, ಆದರೆ ಅಪ್ಪ ಅದಕ್ಕೆ ಯಾರ ಹತ್ತಿರವೂ ಶುಲ್ಕ ತೆಗೆದುಕೊಂಡಿಲ್ಲ. ಇನ್ನು ಗೆಸ್ಟಿಮೇಟ್ ಎಂಬ ಅಂದಾಜಿನ ಲೆಕ್ಕ: ಬೆಂಗಳೂರಲ್ಲಿ ಪೆಟ್ರೋಲ್ ಬಂಕ್ ಎಷ್ಟು, ವಿಮಾನದಲ್ಲಿ ಟೇಬಲ್ ಟೆನಿಸ್ ಚೆಂಡು ಎಷ್ಟು ಹಿಡಿಸುತ್ತವೆ. 2000ದ ಹೊತ್ತಿಗೆ ಎಷ್ಟು ಮೊಬೈಲ್ ಇರಬಹುದು ಎಂದು 1980ರ ದಶಕದ ಆರಂಭದಲ್ಲಿ ಎಟಿ ಅಂಡ್ ಟಿ ಕಂಪನಿ ನಿಮ್ಮ ವೃತ್ತಿಯ ದೊಡ್ಡಣ್ಣ ಮೆಕಿನ್ಸಿಯನ್ನು ಕೇಳಿತ್ತು. ಸುಮಾರು 9 ಲಕ್ಷ ಎಂಬ ಉತ್ತರ ಬಂತು. 2000 ಮುಗಿಯುವಾಗ ಅಮೆರಿಕವೊಂದರಲ್ಲೇ 10 ಕೋಟಿ ದಾಟಿತ್ತು. ನಾನು ಪೆಟ್ರೋಲ್ ಬಂಕ್ ನಾಲ್ಕು ಹೆಚ್ಚು ಹೇಳಿದರೆ ಮಾತ್ರ ನಿಮ್ಮ ಹುಬ್ಬು ಮೇಲೇರುತ್ತದೆ.

ಇರಲಿ, ಗಾಜಿನ ಕೋಣೆಗೆ ಬರುತ್ತೇನೆ. ಗುರುಗ್ರಾಮದ ಸರ್ ಕೊಟ್ಟ ಕೇಸ್ ಏನು ಗೊತ್ತೇ? 'ನಮ್ಮ ಕ್ಲೈಂಟ್ ಒಬ್ಬರ ಪ್ರಯಾಣದ ಖರ್ಚು ವಿಪರೀತ ಏರಿದೆ, ಏನು ಸಲಹೆ ಕೊಡುತ್ತೀರಿ?' ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ನೆಟ್‌ವರ್ಕ್ ಸಿಕ್ಕಿಹಾಕಿಕೊಂಡು ಮುಖ ಅಲ್ಲಾಡುತ್ತಿರಲಿಲ್ಲ. 'ಸರ್, ವಿಡಿಯೊ ಕಾಲ್‌ನಲ್ಲಿ ಮುಗಿಯುವ ಕೆಲಸಕ್ಕೆ ಜನರನ್ನು ಊರಿಂದೂರಿಗೆ ಅಲೆದಾಡಿಸುವುದನ್ನು ಮೊದಲು ನಿಲ್ಲಿಸಬೇಕು' ಎಂದೆ. 'ಗುಡ್. ಎನಿಥಿಂಗ್ ಎಲ್ಸ್?' ಎಂದರು.

ಎನಿಥಿಂಗ್ ಎಲ್ಸ್ ಅಂತೆ! ಇನ್ನೇನು ಬೇಕಿತ್ತು ನಿಮಗೆ? ಇಷ್ಟು ತಿಳಿಯುವುದಕ್ಕೆ ಚೌಕ ಬೇಕೇ, ಸೂತ್ರ ಬೇಕೇ? ಬೆಳಿಗ್ಗೆಯಿಂದ ಅಲ್ಲಿ ಕೂತಿದ್ದ ಅಷ್ಟೂ ಮಕ್ಕಳನ್ನು ಒಬ್ಬೊಬ್ಬರಾಗಿ ಅದೇ ಲ್ಯಾಪ್‌ಟಾಪ್ ಮುಂದೆ ಕೂರಿಸಿದಿರಿ, ನಿಮ್ಮಲ್ಲಿ ಒಬ್ಬರಿಗೂ ನಾಚಿಕೆ ಆಗಲಿಲ್ಲ. ನನ್ನ ಪಕ್ಕ ಕೂತಿದ್ದ ಕಲಬುರಗಿಯ ಹುಡುಗಿ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡು ಕೊಡದೆ ಬಂದಿದ್ದಳು. ಅಂದರೆ ಅವಳನ್ನು ನಿಮ್ಮ ಲ್ಯಾಪ್‌ಟಾಪ್ ಮುಂದೆ ಕೂರಿಸಿದ ಖರ್ಚು ಕರ್ನಾಟಕ ಸರ್ಕಾರದ್ದು. ನನ್ನದು ಅಪ್ಪನದ್ದು. ಲ್ಯಾಪ್‌ಟಾಪ್, ಮತ್ತೊಮ್ಮೆ ಹೇಳುತ್ತೇನೆ, ನಮ್ಮ ಹಾಸ್ಟೆಲಿನಲ್ಲೂ ಇದೆ.

ಇವತ್ತು ನಿಮ್ಮ ಮೇಲ್ ಬಂತು. ಪ್ರತಿಭಾವಂತರು ಬಹಳ ಮಂದಿ ಇದ್ದರಂತೆ, ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದಂತೆ. ಆ ವಿಳಾಸಕ್ಕೆ ಉತ್ತರ ಬರೆದರೆ ಯಾರಿಗೂ ತಲುಪುವುದಿಲ್ಲವೆಂದು ಕೆಳಗೆ ನೀವೇ ಬರೆದಿದ್ದೀರಿ. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯಬೇಕಾಯಿತು.

ನಿಮ್ಮವರು ಗ್ರಾಹಕರಿಗೆ ದಿನದ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆಂದು ಕೇಳಿದ್ದೇನೆ. ನಾನೂ ಒಂದು ಬಿಲ್ ಮಾಡಿದ್ದೇನೆ: ಬಸ್ಸು, ಮೆಟ್ರೊ, ಇಸ್ತ್ರಿ, ರಿಸೆಪ್ಷನ್ನಿನಲ್ಲಿ ಕಾದದ್ದು, ಪ್ರಯಾಣದ ಖರ್ಚು ಇಳಿಸುವ ಬಗ್ಗೆ ಕೊಟ್ಟ ಸಲಹೆ. ಸಲಹೆಗೆ ಕಡಿಮೆ ದರವೇ ಹಾಕಿದ್ದೇನೆ, ಫ್ರೆಶರ್ ಅಲ್ಲವೇ. ಖುದ್ದಾಗಿ ಬಂದು ಕೊಡಬೇಕಿಲ್ಲ, ಯುಪಿಐ ಮಾಡಿದರೂ ನಡೆಯುತ್ತದೆ.

ಇಂತಿ,
ಅಂತಿಮ ವರ್ಷದ ವಿದ್ಯಾರ್ಥಿ, ಹುಬ್ಬಳ್ಳಿ