ಡ್ರೈವ್ ಪರೀಕ್ಷಕರು: ಲಕ್ಷಣ ಮತ್ತು ಕ್ರಮ

ಹಳೆಯ ಸಿ.ಡಿ. ಅಥವಾ ಡಿ.ವಿ.ಡಿ. ಡ್ರೈವನ್ನು ಹಾಡು ಕೇಳುವುದಕ್ಕಲ್ಲ, ಸಿನಿಮಾ ನೋಡುವುದಕ್ಕೂ ಅಲ್ಲ, ಅದು ಎಷ್ಟು ಜೋರಾಗಿ ಓಡುತ್ತದೆಂದು ತಿಳಿಯುವುದಕ್ಕಷ್ಟೇ ಓಡಿಸುವ ಗೃಹಸ್ಥರನ್ನು ಡ್ರೈವ್ ಪರೀಕ್ಷಕರು ಎನ್ನಬಹುದು. ಇವರು ಸಂಗ್ರಾಹಕರಲ್ಲ; ಸಂಗ್ರಾಹಕನಿಗೆ ವಸ್ತು ಸುಮ್ಮನೆ ಕೂತಿದ್ದರೂ ತೃಪ್ತಿ. ರಿಪೇರಿಯವರೂ ಅಲ್ಲ, ರಿಪೇರಿಯವನ ಕೈಗೆ ಬರಬೇಕಾದರೆ ವಸ್ತು ಕೆಟ್ಟಿರಬೇಕು. ಪರೀಕ್ಷಕರಿಗೆ ಬೇಕಾದದ್ದು ನಡುವಣ ಸ್ಥಿತಿ: ಡ್ರೈವ್ ಓಡುತ್ತಿರಬೇಕು, ಅದರ ಮೇಲೆ ಸಣ್ಣದೊಂದು ಅನುಮಾನವೂ ಇರಬೇಕು.

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ಮೈಸೂರಿನ ಕುವೆಂಪುನಗರದಂಥ ಬಡಾವಣೆಗಳಲ್ಲಿ ಈ ಜನ ಕಾಣಸಿಗುತ್ತಾರೆ. ವಯಸ್ಸು ಅರವತ್ತರ ಆಚೀಚೆ. ಬ್ಯಾಂಕು, ದೂರವಾಣಿ ಇಲಾಖೆ ಇಲ್ಲವೇ ಯಾವುದಾದರೂ ದೊಡ್ಡ ಕಾರ್ಖಾನೆಯಿಂದ ನಿವೃತ್ತರು. ಮನೆಯಲ್ಲಿ ಮಗನ ತೆಳ್ಳನೆಯ ಲ್ಯಾಪ್‌ಟಾಪ್ ಉಂಟು, ಆದರೆ ಅದರಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲವಾದ್ದರಿಂದ ಅದನ್ನು ಕಂಪ್ಯೂಟರೆಂದು ಇವರು ಪೂರ್ತಿ ಒಪ್ಪಿಲ್ಲ. ಒಪ್ಪಿರುವುದು, ಮಗ ಇಂಜಿನಿಯರಿಂಗ್ ಸೇರಿದ ವರ್ಷ ಎಸ್.ಪಿ. ರಸ್ತೆಯಲ್ಲಿ ಒಂದೊಂದೇ ಭಾಗ ಕೊಂಡು ಜೋಡಿಸಿದ ದಪ್ಪ ಡಬ್ಬವನ್ನು. ಅದರಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ. ಇಂಟರ್ನೆಟ್ ಸಂಪರ್ಕ ಕೊಟ್ಟಿಲ್ಲ, ಕೊಡುವ ವಿಚಾರವೂ ಇಲ್ಲ. ಬಳಸದ ಹೊತ್ತಿನಲ್ಲಿ ಮಾನಿಟರಿಗೆ ಕ್ರೋಶಾ ಹೊದಿಕೆ, ಕೀಬೋರ್ಡಿಗೆ ಹಳೆಯ ಟವಲು.

ಪರೀಕ್ಷೆಗೆ ಬೇಕಾದ ತಂತ್ರಾಂಶ ಒಂದೇ, ನೀರೋ ಸಿಡಿ-ಡಿವಿಡಿ ಸ್ಪೀಡ್. ಎರಿಕ್ ಡೆಪ್ಪೆ ಎಂಬ ಪ್ರೋಗ್ರಾಮರ್ ಬರೆದ ಈ ಪುಟ್ಟ ಸಾಧನ ಮೊದಲು ಸಿಡಿ ಸ್ಪೀಡ್ ಎಂಬ ಹೆಸರಿನಲ್ಲಿ ಬಿಡಿಯಾಗಿ ಸಿಗುತ್ತಿತ್ತು, ಆಮೇಲೆ ನೀರೋ ಕುಟುಂಬ ಸೇರಿತು. ಡಿಸ್ಕ್ ಹಾಕಿ ಗುಂಡಿ ಒತ್ತಿದರೆ ಓದುವ ವೇಗವನ್ನು ಹಸಿರು ಗೆರೆಯಾಗಿಯೂ ತಿರುಗುವ ವೇಗವನ್ನು ಹಳದಿ ಗೆರೆಯಾಗಿಯೂ ಬರೆದು ತೋರಿಸುತ್ತದೆ. ಇಸಿಜಿ ವರದಿಯನ್ನು ಡಾಕ್ಟರು ಹೇಳಿದ ಮೇಲೆ ನಂಬುವ ಪರೀಕ್ಷಕರು ಈ ಗೆರೆಗಳನ್ನು ಮಾತ್ರ ಯಾರೂ ಹೇಳದೆಯೇ ಓದಬಲ್ಲರು.

ಗುಂಡಿ ಒತ್ತುವ ಮೊದಲು ಶುಚಿ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತುಸುತ್ತಾಗಿ ಉಜ್ಜಬಾರದು. ಇದು ಮಡಿಯ ಮಾತಲ್ಲ. ಮಾಹಿತಿ ಕೂತಿರುವುದು ಸುರುಳಿಯಾಗಿ. ಸುರುಳಿಯ ಗುಂಟ ಒಂದು ಗೀರು ಬಿದ್ದರೆ ಸಾಲಾಗಿ ಬಂದ ಅಷ್ಟೂ ಮಾಹಿತಿ ಒಟ್ಟಿಗೇ ಹೋಗುತ್ತದೆ, ದೋಷ ತಿದ್ದುವ ವ್ಯವಸ್ಥೆ ಕೈಚೆಲ್ಲುತ್ತದೆ. ಅಡ್ಡಗೀರಾದರೆ ಪ್ರತಿ ಸುತ್ತಿನಲ್ಲಿ ಚೂರುಚೂರು ಮಾತ್ರ ಹೋಗುತ್ತದೆ, ಅದನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಈ ವಿವರಣೆಯನ್ನು ಪರೀಕ್ಷಕರ ಸೊಸೆ ಎಷ್ಟು ಸಲ ಕೇಳಿದ್ದಾಳೆಂದರೆ, ಈಗ ಊಟದ ತಟ್ಟೆಯನ್ನೂ ನಡುವಿನಿಂದ ಅಂಚಿಗೇ ಒರೆಸುತ್ತಾಳೆ.

ಮುಂದಿನದು ಮುಖ್ಯ ಪರೀಕ್ಷೆ, ಓದುವ ವೇಗ. ಹಾಡಿನ ಸಿ.ಡಿ. ತಿರುಗುವ ವೇಗಕ್ಕೆ 1ಎಕ್ಸ್ ಎಂದು ಹೆಸರು. ಆ ವೇಗದಲ್ಲಿ ಕಂಪ್ಯೂಟರಿಗೆ ಸೆಕೆಂಡಿಗೆ 150 ಕಿಲೋಬೈಟ್ ಮಾಹಿತಿ ಬರುತ್ತದೆ. ಡಿ.ವಿ.ಡಿ.ಯ 1ಎಕ್ಸ್ ಇದರ ಸುಮಾರು ಒಂಬತ್ತು ಪಟ್ಟು. ಡ್ರೈವಿನ ಮುಖದ ಮೇಲೆ 52ಎಕ್ಸ್ ಎಂದು ಅಚ್ಚಾಗಿದ್ದರೆ ಸೆಕೆಂಡಿಗೆ 7,800 ಕಿಲೋಬೈಟ್ ಬರಬೇಕು. ಬರುವುದಿಲ್ಲ. ಪರೀಕ್ಷಕರ ಜೀವನದ ಅರ್ಧ ಸಂತೋಷ ಇರುವುದು ಈ ‘ಬರುವುದಿಲ್ಲ’ದಲ್ಲಿ.

ಕಾರಣ ಸರಳ. ವೇಗದ ಡ್ರೈವುಗಳು ಡಿಸ್ಕನ್ನು ಒಂದೇ ಲಯದಲ್ಲಿ, ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತವೆ. ರಾಗಿ ಬೀಸುವಾಗ ಗೂಟ ಹಿಡಿದ ಕೈ ಓಡಿದಷ್ಟು ಕಲ್ಲಿನ ನಡುವಿನ ಭಾಗ ಓಡುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಸಿ.ಡಿ.ಯಲ್ಲಿ ಮಾಹಿತಿ ಶುರುವಾಗುವುದು ನಡುವಿನಿಂದ, ಕೇಂದ್ರದಿಂದ 25 ಮಿಲಿಮೀಟರ್ ದೂರದಲ್ಲಿ. ಮುಗಿಯುವುದು 58ರ ಹತ್ತಿರ. ಆದ್ದರಿಂದ ಒಳಗೆ 22ಎಕ್ಸ್‌ನಲ್ಲಿ ಹೊರಟ ಡ್ರೈವ್ 52 ಮುಟ್ಟುವುದು ಕಟ್ಟಕಡೆಯ ಅಂಚಿನಲ್ಲಿ, ಅದೂ ಡಿಸ್ಕ್ ಪೂರ್ತಿ ತುಂಬಿದ್ದರೆ. ಅರ್ಧ ತುಂಬಿದ ಡಿಸ್ಕಿಗೆ ಆ ಭಾಗ್ಯವಿಲ್ಲ. ಪೆಟ್ಟಿಗೆಯ ಮೇಲೆ 52ರ ಹಿಂದೆ ‘ಗರಿಷ್ಠ’ ಎಂಬ ಪದ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಅದನ್ನು ಓದಿದವರು ಕಡಿಮೆ, ಓದಿ ಮನಸ್ಸಿಗೆ ಹಚ್ಚಿಕೊಂಡವರು ಪರೀಕ್ಷಕರು ಮಾತ್ರ. ಬಂದ ನೆಂಟರಿಗೆ ಕಾಫಿ ಬರುವಷ್ಟರಲ್ಲಿ ಅವರು ಇದನ್ನು ವಿವರಿಸಿ, ಸರಾಸರಿ 40ಎಕ್ಸ್ ಕೂಡ ದಾಟುವುದಿಲ್ಲವೆಂದು ಗೆರೆ ತೋರಿಸಿ, ‘ಎಂಥಾ ಮೋಸ ನೋಡಿ’ ಎಂದು ಮುಗಿಸುತ್ತಾರೆ. ಮೋಸ ಹೋದದ್ದಕ್ಕೆ ಇಷ್ಟು ಹಿಗ್ಗುವವರು ಬೇರೆ ಕಡೆ ಸಿಗಲಾರರು.

ಪರೀಕ್ಷೆಗೆ ಯಾವ ಡಿಸ್ಕ್ ಎಂಬುದೂ ನಿಗದಿಯಾಗಿದೆ. ಮನೆಯಲ್ಲಿ ಬರೆದುಕೊಂಡ ಡಿಸ್ಕಿಗಿಂತ ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು ಲೇಸರ್ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಅಳಿಸಿ ಬರೆಯುವ ಡಿಸ್ಕುಗಳಂತೂ ತೀರಾ ಮಂಕು. ಆದ್ದರಿಂದ ಡಿಜಿಟ್ ಪತ್ರಿಕೆಯ ಜೊತೆ ಬಂದ, ಅಂಚಿನವರೆಗೂ ತುಂಬಿದ ಒಂದು ಸಿ.ಡಿ.ಯನ್ನು ಮಾನದಂಡವಾಗಿ ಬೇರೆ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ಏನಿದೆ ಎಂದು ಇದುವರೆಗೆ ಯಾರೂ ತೆರೆದು ನೋಡಿಲ್ಲ.

ಪರೀಕ್ಷೆಯ ಸದ್ದು ಬೀದಿಗೂ ಕೇಳುತ್ತದೆ. ಪೂರ್ಣ ವೇಗದಲ್ಲಿ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿ ಓಡುತ್ತಿರುತ್ತದೆ. ಒಂದು ಕಡೆ ಕಾಗದದ ಚೀಟಿ ಅಂಟಿಸಿದ ಡಿಸ್ಕಾದರೆ ತೂಕ ತಪ್ಪಿ ಇಡೀ ಡಬ್ಬವೇ ನಡುಗುತ್ತದೆ. ಬಿರುಕು ಬಿಟ್ಟ ಡಿಸ್ಕುಗಳು ಒಳಗೇ ಸಿಡಿದು ಚೂರಾದದ್ದೂ ಉಂಟು. ‘ರೀ, ಮಿಕ್ಸಿ ನಾನು ಹಾಕಿಲ್ಲ ಕಣ್ರೀ’ ಎಂದು ಅಡುಗೆಮನೆಯಿಂದ ಬರುವ ಮಾತು ಪರೀಕ್ಷೆ ಸರಿಯಾದ ವೇಗ ಮುಟ್ಟಿತೆಂಬುದಕ್ಕೆ ಪುರಾವೆ.

ಕೆಲವೊಮ್ಮೆ ಹಸಿರು ಗೆರೆ ಏರಬೇಕಾದಲ್ಲಿ ಏರದೆ ಅಡಿಯಲ್ಲೇ ನೇರವಾಗಿ ಮಲಗಿಬಿಡುತ್ತದೆ. ಮೌಸ್ ತಡವರಿಸುತ್ತದೆ, ಪ್ರೊಸೆಸರ್ ಪೂರ್ತಿ ಡ್ರೈವಿನ ಊಳಿಗದಲ್ಲೇ ತೊಡಗಿರುತ್ತದೆ. ಅನನುಭವಿ ಇಲ್ಲಿ ಡ್ರೈವನ್ನು ಬೈಯುತ್ತಾನೆ. ಪರೀಕ್ಷಕರು ಬೈಯುವುದು ಎಕ್ಸ್‌ಪಿಯನ್ನು. ಡ್ರೈವಿನಿಂದ ಮಾಹಿತಿ ತರುವಾಗ ಆರು ಸಲ ತಪ್ಪಾದರೆ ವಿಂಡೋಸ್ ಸದ್ದಿಲ್ಲದೆ ಡಿಎಂಎ ಎಂಬ ವೇಗದ ದಾರಿ ಬಿಟ್ಟು ಪಿಐಒ ಎಂಬ ಹಳೆಯ ದಾರಿ ಹಿಡಿಯುತ್ತದೆ. ಆ ದಾರಿಯಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ತರಬೇಕು. ಒಂದು ಗೀರುಬಿದ್ದ ಡಿಸ್ಕಿನ ಪಾಪ ಮುಂದಿನ ಎಲ್ಲ ಡಿಸ್ಕುಗಳಿಗೂ ತಗಲುತ್ತದೆ. ಪರಿಹಾರವೆಂದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲನ್ನು ತೆಗೆದುಹಾಕಿ ಯಂತ್ರವನ್ನು ಮತ್ತೆ ಶುರುಮಾಡುವುದು. ಇದು ಅಪ್ಪಟ ವಿದ್ಯೆ, ನಿಜವಾಗಿ ಕೆಲಸ ಮಾಡುತ್ತದೆ, ಪರೀಕ್ಷಕರನ್ನು ಇದಕ್ಕಾಗಿ ಮೆಚ್ಚಲೇಬೇಕು. ಆದರೆ ಈ ವಿದ್ಯೆ ಬೇಕಾದ ಯಂತ್ರ ಊರಿನಲ್ಲಿ ಅವರದೊಂದೇ ಉಳಿದಿದೆ.

ಲೇಸರ್ ಕಣ್ಣು ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯಲು ಹಿಡಿಯುವ ಹೊತ್ತನ್ನೂ ಅಳೆಯುವುದುಂಟು. ಆರೋಗ್ಯವಂತ ಡ್ರೈವಿಗೆ ಇದು ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸು. ಇದರಲ್ಲಿ ಹೇಳಿಕೊಳ್ಳುವಂಥ ನಾಟಕವಿಲ್ಲ.

ನಾಟಕವಿರುವುದು ಗುಣಮಟ್ಟದ ಪರೀಕ್ಷೆಯಲ್ಲಿ. ಸಿ.ಡಿ. ಓದುವಾಗ ತಪ್ಪುಗಳು ಎಡೆಬಿಡದೆ ಆಗುತ್ತಿರುತ್ತವೆ, ಡ್ರೈವ್ ತಿದ್ದಿಕೊಳ್ಳುತ್ತಿರುತ್ತದೆ. ಮೊದಲ ಹಂತದಲ್ಲಿ ಸಿಕ್ಕುವ ಚಿಲ್ಲರೆ ದೋಷಕ್ಕೆ ಸಿ1 ಎಂದೂ, ಅಲ್ಲಿಂದ ನುಸುಳಿ ಎರಡನೆಯ ಹಂತದಲ್ಲಿ ಸಿಕ್ಕುವುದಕ್ಕೆ ಸಿ2 ಎಂದೂ ಹೆಸರು. ಮೊದಲ ಬಗೆಯವು ಸರಾಸರಿ ಸೆಕೆಂಡಿಗೆ 220ರೊಳಗೆ ಇದ್ದರೆ ಡಿಸ್ಕ್ ನಿಯಮಬದ್ಧ. ಎಲ್ಲ ಡ್ರೈವುಗಳೂ ಈ ಲೆಕ್ಕವನ್ನು ಹೊರಗೆ ಹೇಳುವುದಿಲ್ಲ; ಹೇಳುವುದರಲ್ಲಿ ಲೈಟ್‌ಆನ್ ಕಂಪನಿಯವಕ್ಕೆ ಹೆಸರಿತ್ತು, ಆದ್ದರಿಂದ ಪರೀಕ್ಷಕರ ಮನೆಯಲ್ಲಿ ಅದೊಂದು ಇದ್ದೇ ಇರುತ್ತದೆ. ಈಗ ಸಂಖ್ಯೆ 400 ಬಂದಿತೆನ್ನೋಣ. ಕೆಟ್ಟಿರುವುದು ಡಿಸ್ಕೋ, ಡ್ರೈವೋ? ಡ್ರೈವ್ ಸರಿಯಿದೆಯೆಂದು ಗೊತ್ತಾಗಬೇಕಾದರೆ ಒಳ್ಳೆಯ ಡಿಸ್ಕ್ ಬೇಕು. ಡಿಸ್ಕ್ ಒಳ್ಳೆಯದೆಂದು ಗೊತ್ತಾಗಬೇಕಾದರೆ ಸರಿಯಾದ ಡ್ರೈವ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಉದ್ಯಮದವರು ಇದಕ್ಕೆಂದೇ ಅಳೆದು ತೂಗಿ ದೋಷಗಳನ್ನಿಟ್ಟು ಮಾಡಿದ, ಅಬೆಕ್ಸ್‌ನಂಥ ದುಬಾರಿ ಪರೀಕ್ಷಾ ಡಿಸ್ಕುಗಳನ್ನು ಬಳಸುತ್ತಿದ್ದರು. ಪಿಂಚಣಿದಾರರ ಕೈಗೆ ಅವು ಎಟುಕುವುದಿಲ್ಲ. ಹಾಗಾಗಿ ಎರಡು ಡ್ರೈವು, ಎರಡು ಡಿಸ್ಕು ಇಟ್ಟುಕೊಂಡು ಅದಲುಬದಲು ಮಾಡಿ ನಾಲ್ಕು ಉತ್ತರ ಪಡೆಯುತ್ತಾರೆ. ನಾಲ್ಕೂ ಬೇರೆ ಬೇರೆ. ಅವನ್ನು ಹಳೆಯ ಡೈರಿಯಲ್ಲಿ, ತಾರೀಖು ಹಾಕಿ, ಎಡಗಡೆ ಡ್ರೈವು ಬಲಗಡೆ ಡಿಸ್ಕು ಎಂದು ಅಂಕಣ ಎಳೆದು ಬರೆದಿಡುತ್ತಾರೆ. ಷರಾ ಅಂಕಣದಲ್ಲಿ ಬಹುಪಾಲು ಇರುವುದು ‘ಮತ್ತೊಮ್ಮೆ ನೋಡುವುದು’.

ನೆವಾರ್ಕಿನ ಹತ್ತಿರ ಇರುವ ಮಗಳು ಹಿಂದೊಮ್ಮೆ ತಂದ ಡಿ.ವಿ.ಡಿ.ಗಳಿಂದ ಇನ್ನೊಂದು ತೊಡಕು ಹುಟ್ಟಿದೆ. ಸಿನಿಮಾ ಡಿ.ವಿ.ಡಿ.ಗಳ ಲೆಕ್ಕದಲ್ಲಿ ಅಮೆರಿಕ 1ನೇ ವಲಯ, ಭಾರತ 5ನೇ ವಲಯ. ಡ್ರೈವಿನ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು, ಐದನೆಯದು ಶಾಶ್ವತ. ಪರೀಕ್ಷಕರು ನಾಲ್ಕನ್ನು ಬಳಸಿಯಾಗಿದೆ. ಮೊಮ್ಮಗನ ಕಾರ್ಟೂನ್ ಡಿಸ್ಕಿಗೆಂದು ಐದನೆಯದನ್ನು ಕೇಳಿದಾಗ, ಆಸ್ತಿ ಭಾಗ ಕೇಳಿದರೂ ತೋರದಿದ್ದ ಗಾಂಭೀರ್ಯದಿಂದ ‘ಯೋಚನೆ ಮಾಡೋಣ ಪುಟ್ಟಾ’ ಎಂದಿದ್ದಾರೆ. ಆ ಪುಟ್ಟ ಈಗ ಕಾಲೇಜಿನಲ್ಲಿದ್ದಾನೆ.

ಬರೆಯುವ ಪರೀಕ್ಷೆಯಲ್ಲಿ ಜಿಪುಣತನಕ್ಕೂ ಶಾಸ್ತ್ರಕ್ಕೂ ನಂಟು ಕೂಡುತ್ತದೆ. ಖಾಲಿ ಡಿಸ್ಕಿನಲ್ಲಿ ಒಮ್ಮೆ ಬರೆದರೆ ಡಿಸ್ಕ್ ಹೋಯಿತು. ಬರೆಯುವ ನಡುವೆ ಮಾಹಿತಿಯ ಹರಿವು ತಡೆದರೆ ಡಿಸ್ಕ್ ದಂಡವಾಗುತ್ತಿದ್ದ ಕಾಲವೂ ಒಂದಿತ್ತು. 2000ದ ಹೊತ್ತಿಗೆ ಸ್ಯಾನ್ಯೊ ಕಂಪನಿಯ ಬರ್ನ್-ಪ್ರೂಫ್ ಬಂದ ಮೇಲೆ ಆ ಕಾಟ ತಪ್ಪಿತು. ಪರೀಕ್ಷಕರ ಭಯ ಮಾತ್ರ ತಪ್ಪಲಿಲ್ಲ. ಅವರು ನೆಚ್ಚಿರುವುದು ಸಿಮ್ಯುಲೇಷನ್ ಎಂಬ ಅನುಕೂಲವನ್ನು: ಲೇಸರಿನ ಬಲ ತಗ್ಗಿಸಿಕೊಂಡು ಡ್ರೈವ್ ಬರೆದಂತೆ ನಟಿಸುತ್ತದೆ, ಡಿಸ್ಕ್ ಖಾಲಿಯೇ ಉಳಿಯುತ್ತದೆ. ಡಿ.ವಿ.ಡಿ. ಮೈನಸ್ ಆರ್ ಡಿಸ್ಕಿನಲ್ಲಿ ಈ ನಟನೆ ಸಾಧ್ಯ, ಪ್ಲಸ್ ಆರ್ ಡಿಸ್ಕಿನಲ್ಲಿ ಇಲ್ಲ. ಆದ್ದರಿಂದ ಅವರು ಕೊಳ್ಳುವುದು ಮೈನಸ್ ಮಾತ್ರ. ಒಂದು ಗೋಪುರದಷ್ಟು ಮೋಸರ್ ಬೇಯರ್ ಡಿಸ್ಕುಗಳು ಹೀಗೆ ಹಲವು ಬಾರಿ ಬರೆಸಿಕೊಂಡೂ ಬರಿದಾಗಿಯೇ ಉಳಿದಿವೆ.

ಪರೀಕ್ಷಕರು ಸಮಾಜಕ್ಕೆ ಬೇಕಾಗುವ ಸಂದರ್ಭವೊಂದಿದೆ. ತುಮಕೂರಿನ ಕಡೆಯ ಅಣ್ಣನ ಮಗಳು ತನ್ನ ಮದುವೆಯ ಡಿ.ವಿ.ಡಿ. ಹಿಡಿದು ಬರುತ್ತಾಳೆ. ‘ಚಿಕ್ಕಪ್ಪಾ, ಎಲ್ಲೂ ಓಪನ್ ಆಗ್ತಿಲ್ಲ, ನೀವೇ ಏನಾದ್ರೂ ಮಾಡ್ಬೇಕು.’ ಅವಳಿಗೆ ಬೇಕಾದದ್ದು ಮದುವೆ. ಚಿಕ್ಕಪ್ಪನವರು ಮೊದಲು ಮಾಡುವುದು ಮೇಲ್ಮೈ ತಪಾಸಣೆ. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ತುಂಬುತ್ತವೆ: ಹಸಿರಾದರೆ ಕ್ಷೇಮ, ಹಳದಿಯಾದರೆ ಪೆಟ್ಟು, ಕೆಂಪಾದರೆ ಓದಲಾಗದು. ಡಿಸ್ಕನ್ನು ಕೈಯಲ್ಲಿ ಹಿಡಿಯುವುದು ಅಂಚಿನಲ್ಲಾದ್ದರಿಂದ ಏಟು ಬಿದ್ದಿರುವುದೂ ಅಲ್ಲಿಯೇ; ಒಳಗಿನಿಂದ ಹೊರಗೆ ಓಡುವ ಸುರುಳಿಯಲ್ಲಿ ಅಂಚೆಂದರೆ ಸಮಾರಂಭದ ಕೊನೆ. ‘ಧಾರೆ ಭದ್ರವಾಗಿದೆಯಮ್ಮ, ಬೀಗರ ಊಟ ಹೋಯ್ತು’ ಎಂದು ಪರೀಕ್ಷಕರು ಫಲ ಹೇಳುತ್ತಾರೆ. ಆಮೇಲೆ ಡ್ರೈವಿನ ವೇಗವನ್ನು ಬೇಕೆಂದೇ ಇಳಿಸಿ, ನಿಧಾನವಾಗಿ, ಹಳದಿ ಚೌಕಗಳನ್ನೂ ಕೆಲವು ಕೆಂಪನ್ನೂ ಎಳೆದು ತೆಗೆಯುತ್ತಾರೆ. ವೇಗ ತಗ್ಗಿದಾಗ ಡಿಸ್ಕ್ ಕಡಿಮೆ ಓಲಾಡುವುದರಿಂದ ಲೇಸರ್ ದಾರಿ ತಪ್ಪುವುದಿಲ್ಲ. ಹೊಸ ಅಗ್ಗದ ಡ್ರೈವ್ ಬಿಟ್ಟುಬಿಟ್ಟದ್ದನ್ನು ಹಳೆಯದು ಓದುವುದು ಇಲ್ಲಿ ನಿಜವಾಗಿಯೂ ಆಗುತ್ತದೆ. ವರ್ಷಗಟ್ಟಲೆ ವೇಗ ಅಳೆದ ಯಂತ್ರ ಉಪಕಾರಕ್ಕೆ ಬಂದದ್ದು ವೇಗ ಬಿಟ್ಟಾಗ ಎಂಬುದನ್ನು ಪರೀಕ್ಷಕರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಡ್ರೈವಿಗೂ ಆಯಸ್ಸಿದೆ. ಮೊದಲು ಹೋಗುವುದು ಟ್ರೇ ತಳ್ಳುವ ರಬ್ಬರ್ ಬೆಲ್ಟು. ಗಟ್ಟಿಯಾಗಿ ಜಾರತೊಡಗುತ್ತದೆ, ಮುಂದಿನ ಸಣ್ಣ ತೂತಿಗೆ ಗುಂಡುಪಿನ್ನು ಚುಚ್ಚಿ ಟ್ರೇ ತೆಗೆಯಬೇಕಾಗುತ್ತದೆ. ಬಳಿಕ ಲೇಸರ್ ಮಂಕಾಗುತ್ತದೆ, ಡಿ.ವಿ.ಡಿ.ಗೆ 650 ನ್ಯಾನೋಮೀಟರಿನ ಕೆಂಪು ಕಿರಣ, ಸಿ.ಡಿ.ಗೆ 780ರ ಕಣ್ಣಿಗೆ ಕಾಣದ ಕಿರಣ ಬೇರೆ ಬೇರೆ ಆದ್ದರಿಂದ ಒಂದನ್ನು ಓದಿ ಇನ್ನೊಂದನ್ನು ಓದದ ಡ್ರೈವುಗಳೂ ಇವೆ. ಆಗ ಪರೀಕ್ಷಕರು ಬಟ್ಟೆ ಚೀಲ ಹಿಡಿದು ಎಸ್.ಪಿ. ರಸ್ತೆಗೆ ಹೊರಡುತ್ತಾರೆ. ಹಳೆಯ ಮಾಲಿನ ಅಂಗಡಿಯ ಹುಡುಗ ರಾಶಿಯೊಳಗಿನಿಂದ ಒಂದನ್ನು ಎಳೆದು ಧೂಳು ಊದುತ್ತಾನೆ. ‘ಓಡುತ್ತಾ?’ ‘ಸೂಪರ್ ಆಗಿ ಓಡುತ್ತೆ ಅಂಕಲ್.’ ‘ಎಷ್ಟರಲ್ಲಿ ಓಡುತ್ತೆ?’ ಹುಡುಗ ಡ್ರೈವಿನ ಮುಖ ನೋಡಿ ‘ಐವತ್ತೆರಡು’ ಎನ್ನುತ್ತಾನೆ. ಮುಂದಿನ ಅರ್ಧ ಗಂಟೆ ಅಂಗಡಿಯಲ್ಲಿ ಬೇರೆ ಗಿರಾಕಿಗೆ ಮಾತಾಡಲು ಅವಕಾಶ ಸಿಗುವುದಿಲ್ಲ. ಕೊನೆಗೆ ಮಾಲೀಕರೇ ಎದ್ದು ಬಂದು, ಒಂದರ ದುಡ್ಡಿಗೆ ಎರಡು ಕೊಟ್ಟು ಕಳುಹಿಸುತ್ತಾರೆ.