ಬಯಲ್ನಾಡಿನಲ್ಲಿ ಬುಧವಾರದ ಕುರ್ಚಿ: ಒಂದು ಸಂಶೋಧನಾ ಪ್ರಬಂಧ

ಲೋಕದಲ್ಲಿ ಖಾಲಿ ಕುರ್ಚಿಗಳು ನಾಲ್ಕು ಬಗೆ: ಸಾಹಿತ್ಯ ಸಭೆಯದು, ಬಸ್ಸಿನದು, ಅಧಿಕಾರದ್ದು ಮತ್ತು ಫುಟ್‌ಬಾಲಿನದು. ಮೊದಲನೆಯದು ಸಹಜ. ಎರಡನೆಯದು ಭ್ರಮೆ, ಹತ್ತಿರ ಹೋದರೆ ಕರ್ಚೀಫು ಕಾಣುತ್ತದೆ. ಮೂರನೆಯದನ್ನು ಈತನಕ ಯಾರೂ ಕಂಡಿಲ್ಲ. ನಾಲ್ಕನೆಯದು, ಅದರಲ್ಲೂ ವಾರದ ನಡುವಿನ ಪಂದ್ಯದಲ್ಲಿ ಖಾಲಿ ಉಳಿಯುವ ಕುರ್ಚಿ, ಪ್ರಸ್ತುತ ಪ್ರಬಂಧದ ವಸ್ತು. ಟಿಕೆಟಿನ ದರವನ್ನು ಎಷ್ಟಕ್ಕೆ ಇಳಿಸಿದರೆ ಅದು ತುಂಬುತ್ತದೆ ಎಂಬ ಪ್ರಶ್ನೆಗೆ ಮೂರು ದಶಾಂಶ ಸ್ಥಾನಗಳವರೆಗೆ ನಿಖರವಾದ ಉತ್ತರ ಕೊಡುವುದಾಗಿ ಸಂಶೋಧಕನು ಹೆಂಡತಿಗೆ ಮಾತು ಕೊಟ್ಟು ಮನೆ ಬಿಟ್ಟಿದ್ದಾನೆ.

ಕ್ಷೇತ್ರವಾಗಿ ವಯನಾಡನ್ನೇ ಆರಿಸಿಕೊಂಡದ್ದೇಕೆ? ಕಾರಣ ಭಾಷಾಶಾಸ್ತ್ರೀಯ. ವಯಲ್ ಎಂದರೆ ಗದ್ದೆ, ಗದ್ದೆಗಳ ನಾಡು ವಯನಾಡು ಎನ್ನುತ್ತಾರೆ ಮಲಯಾಳಿಗಳು. ನಮ್ಮ ಹಳೆಯ ಶಾಸನಗಳಲ್ಲಿ ಇದೇ ಸೀಮೆ ಬಯಲ್ನಾಡು. ಅತ್ತ ವಕಾರ, ಇತ್ತ ಬಕಾರ, ನಡುವೆ ಒಂದು ಕಾಡು, ಅಷ್ಟೆ. ಈಗ ಕನ್ನಡಿಗನು ಯೋಚಿಸಲಿ: ಬಯಲಾಟಕ್ಕೆ ಎಂದಾದರೂ ಟಿಕೆಟು ಕೊಂಡದ್ದುಂಟೇ? ಯಕ್ಷಗಾನಕ್ಕೆ ಟಿಕೆಟು ಬಂದದ್ದು ಟೆಂಟು ಬಂದ ಮೇಲೆ. ಬಯಲಲ್ಲಿ ನಡೆದದ್ದು ಹರಕೆಯ ಆಟ, ಊರವರೆಲ್ಲರ ಆಟ. ಹಾಗಿರುವಾಗ ಬಯಲೆಂದೇ ಹೆಸರಿಟ್ಟುಕೊಂಡ ನಾಡಿನಲ್ಲಿ ಸುತ್ತ ತಗಡಿನ ಶೀಟು ಕಟ್ಟಿ, ಗೇಟಿಟ್ಟು, ಟಿಕೆಟು ಹರಿಯುವುದೆಂದರೆ ಅದು ವ್ಯಾಕರಣದೋಷ. ಕಲ್ಪೆಟ್ಟದ ಜಿಲ್ಲಾ ಕ್ರೀಡಾಂಗಣ ಇರುವ ಜಾಗದ ಹೆಸರೂ ಮರವಯಲ್ ಎಂಬುದನ್ನು ಗಮನಿಸಬೇಕು. ಅದು ಎಂ.ಕೆ. ಜಿನಚಂದ್ರನ್ ಸ್ಮಾರಕ. 1957ರಲ್ಲಿ ತಲಶ್ಶೇರಿಯಿಂದ ಲೋಕಸಭೆಗೆ ಹೋದವರು, ಇಲ್ಲಿನ ಜೈನ ಸಮುದಾಯದವರು. ಆ ಜೈನರ ಹೆಸರುಗಳಲ್ಲಿ ಕನ್ನಡದ ಗೌಡರೇ ಘಟ್ಟದ ಈ ಮೂಲೆಯಲ್ಲಿ ಗೌಡರ್ ಆಗಿ ನಿಂತದ್ದು.

ಸುಲ್ತಾನ್ ಬತ್ತೇರಿಯ ವಿಷಯ ಇನ್ನೂ ಸೋಜಿಗ. ಟಿಪ್ಪುವಿನ ಫಿರಂಗಿ, ಮದ್ದುಗುಂಡು ಇದ್ದುದರಿಂದ ಬ್ಯಾಟರಿ, ಬತ್ತೇರಿ ಆಯಿತೆಂಬುದು ಶಾಲಾಪಠ್ಯದ ಮಾತು. ಅದಕ್ಕೂ ಮೊದಲು ಜೈನರು ಈ ಊರನ್ನು ಕರೆದದ್ದು ಹನ್ನೆರಡು ಬೀದಿ ಎಂದು. ಮೈದಾನದಲ್ಲಿ ಹನ್ನೊಂದು ಮಂದಿ, ಪ್ರೇಕ್ಷಕನೇ ಹನ್ನೆರಡನೆಯವನು ಎಂದು ಫುಟ್‌ಬಾಲ್ ಪಂಡಿತರು ಹೇಳುವುದು ಲೋಕಪ್ರಸಿದ್ಧ. ಆಟವಿನ್ನೂ ಹುಟ್ಟದಿದ್ದಾಗಲೇ ಪ್ರೇಕ್ಷಕನಿಗೆ ಊರೊಂದನ್ನು ಬರೆದುಕೊಟ್ಟ ದೂರದೃಷ್ಟಿಗೆ ಸಂಶೋಧಕನು ತಲೆಬಾಗುತ್ತಾನೆ. ಬ್ಯಾಟರಿ ಎಂಬುದೂ ಮುಂದೆ ಬರಲಿದ್ದ ಫ್ಲಡ್‌ಲೈಟಿನ ಸೂಚನೆ ಇದ್ದೀತು. ಈ ಎರಡನ್ನೂ ಒಪ್ಪದವರು ಶಾಸನ ತೋರಿಸಲಿ.

ಇನ್ನು ಪೂರ್ವಸೂರಿಗಳ ಸ್ಮರಣೆ. ವಾರದ ನಡುವಿನ ಆಟಕ್ಕೆ ಮೂಲಪುರುಷ ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬು, 1867ರದು. ಹೆಸರೇ ಬುಧವಾರ. ಅದಕ್ಕೂ ಹಿಂದೆ ಇದ್ದ ಕ್ರಿಕೆಟ್ ಕ್ಲಬ್ಬಿನವರಿಗೆ ಬುಧವಾರ ಅರ್ಧ ದಿನ ರಜೆ ಸಿಗುತ್ತಿತ್ತು, ಅಂದೇ ಆಡುತ್ತಿದ್ದರು. ಎಂದರೆ ಮೊದಲು ರಜೆ, ಆಮೇಲೆ ಆಟ. ಈಗಿನವರು ಮೊದಲು ಟಿವಿಯವರ ವೇಳಾಪಟ್ಟಿ, ಆಮೇಲೆ ಆಟ, ಜನರ ರಜೆ ದೇವರಿಗೆ ಬಿಟ್ಟದ್ದು ಎನ್ನುತ್ತಾರೆ. ಜರ್ಮನಿಯಲ್ಲಿ ಸೋಮವಾರ ಪಂದ್ಯವಿಟ್ಟಾಗ 2018ರಲ್ಲಿ ಫ್ರಾಂಕ್‌ಫರ್ಟಿನ ಅಭಿಮಾನಿಗಳು ಅಂಗಳಕ್ಕೆ ಟೆನಿಸ್ ಚೆಂಡುಗಳ ಮಳೆ ಸುರಿಸಿದರು. 2021ರ ಹೊತ್ತಿಗೆ ಅಲ್ಲಿನ ಲೀಗು ಸೋಮವಾರವನ್ನೇ ಕೈಬಿಟ್ಟಿತು. ಲಿವರ್‌ಪೂಲಿನವರದು ಬೇರೆ ದಾರಿ. 2016ರ ಫೆಬ್ರವರಿಯಲ್ಲಿ ಕ್ಲಬ್ಬು ಮುಂದಿನ ಋತುವಿಗೆ 77 ಪೌಂಡಿನ ಟಿಕೆಟು ಸಾರಿದಾಗ, ಸಂಡರ್ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2–0 ಮುಂದಿತ್ತು. ಪಂದ್ಯ ಮುಗಿದಾಗ 2–2. ಹನ್ನೆರಡನೆಯವನು ಎದ್ದು ಹೋದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ನಿಯಂತ್ರಿತವಾದ ಪ್ರಯೋಗವನ್ನು ವಿಜ್ಞಾನ ನಡೆಸಿಲ್ಲ. ದರ ಏರಿಸುವ ಯೋಚನೆ ಕೆಲವೇ ದಿನಗಳಲ್ಲಿ ಮೂಲೆ ಸೇರಿತು.

ಸಿದ್ಧಾಂತಕ್ಕೆ ಸಂಶೋಧಕನು ನಂಬಿದ್ದು ಫ್ರಾನ್ಸಿನ ಇಂಜಿನಿಯರ್ ಜೂಲ್ ದ್ಯುಪ್ವಿಯನ್ನು. ಮೂರನೇ ದರ್ಜೆಯ ರೈಲು ಡಬ್ಬಿಗೆ ಛಾವಣಿ ಏಕಿಲ್ಲ ಎಂದು ಆತ 1849ರಲ್ಲೇ ಕೇಳಿದ. ಛಾವಣಿಗೆ ದುಡ್ಡಿಲ್ಲದೆ ಅಲ್ಲ. ಎರಡನೇ ದರ್ಜೆಗೆ ಕೊಡಬಲ್ಲವನು ಮೂರನೆಯದಕ್ಕೆ ಇಳಿಯದಿರಲಿ ಎಂದು ಬಡವನನ್ನು ಮಳೆಯಲ್ಲಿ ನೆನೆಸುವುದು, ಎಂಬುದು ಅವನ ಉತ್ತರ. ಒಂದೇ ಪಂದ್ಯಕ್ಕೆ ಗ್ಯಾಲರಿ ಅಗ್ಗ, ಕುರ್ಚಿ ತುಟ್ಟಿ ಏಕೆ ಎಂಬುದೂ ಇದರೊಳಗೇ ಅಡಗಿದೆ. ಕುಂಡೆ ನೋಯಬೇಕು, ಆಗಲೇ ಕುರ್ಚಿ ಮಾರಾಟವಾಗುತ್ತದೆ.

ಇಷ್ಟು ಸಿದ್ಧತೆಯೊಂದಿಗೆ ಫೆಬ್ರವರಿಯ ಒಂದು ಬುಧವಾರ ಸಂಶೋಧಕನು ಗುಂಡ್ಲುಪೇಟೆಯಿಂದ ತರಕಾರಿ ಹೊರುವ ಪಿಕಪ್ ಹತ್ತಿದನು. ಚಾಲಕ ನಮ್ಮೂರಿನವನೇ. ಟೊಮೆಟೊ, ಎಲೆಕೋಸು, ಬೀನ್ಸು ತುಂಬಿಕೊಂಡು ದಿನವೂ ಬತ್ತೇರಿಗೆ ಹೋಗಿ ಬರುವವನು. ಸಂಶೋಧಕನ ಚೀಲದಲ್ಲಿ ಪ್ರಶ್ನಾವಳಿ ನಲವತ್ತು ಪ್ರತಿ, ಎರಡು ಬಣ್ಣದ ಪೆನ್ನು, ಅಳತೆ ಟೇಪು.

ಹೊರಟದ್ದು ಸೆವೆನ್ಸ್ ಪಂದ್ಯಕ್ಕೆ; ಓದುಗರಲ್ಲಿ ಅದನ್ನು ಅರಿಯದವರಿಗೆ ಎರಡು ಮಾತು. ಮಲಬಾರಿನಲ್ಲಿ ಕೊಯ್ಲು ಮುಗಿದು ಮಳೆ ಬರುವ ತನಕ ಗದ್ದೆಯಲ್ಲೂ ಶಾಲೆಯ ಅಂಗಳದಲ್ಲೂ ನಡೆಯುವ ಏಳೇಳು ಜನರ ಆಟವದು. ರಾತ್ರಿ ಹೊತ್ತು, ದೀಪದ ಬೆಳಕಿನಲ್ಲಿ. ಆಫ್ರಿಕಾದಿಂದ ಬಂದ ಆಟಗಾರರೂ ತಂಡಗಳಲ್ಲಿರುತ್ತಾರೆ. 2018ರ 'ಸುಡಾನಿ ಫ್ರಂ ನೈಜೀರಿಯಾ' ಸಿನಿಮಾ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಮರ, ಬಿದಿರು, ಹಲಗೆ ಬಿಗಿದು ಗ್ಯಾಲರಿ ಕಟ್ಟುತ್ತಾರೆ. ಅದು ತುಂಬಿದರೆ ಸಾಲದು, ತಡೆಯಲೂ ಬೇಕು: 2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಅಂಥದೊಂದು ಗ್ಯಾಲರಿ ಕುಸಿದು ಹಲವರು ಗಾಯಗೊಂಡರು. ಆಸನ ತುಂಬಿಸುವ ಬಗ್ಗೆ ಉಪನ್ಯಾಸ ಕೊಡುವವರು ಈ ಒಂದು ವಾಕ್ಯವನ್ನು ಸಾಮಾನ್ಯವಾಗಿ ಬಿಡುತ್ತಾರೆ.

ಬತ್ತೇರಿ ಬಿಟ್ಟು ಸ್ವಲ್ಪ ದೂರದ ಒಂದು ಗದ್ದೆ. ಏಳೂವರೆಗೆ ಹೋದಾಗ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು. ಸಾಯಂಕಾಲವೆಲ್ಲ ಊರು ಸುತ್ತಿದ ಅನೌನ್ಸ್‌ಮೆಂಟಿನ ಜೀಪು ಗೇಟಿನ ಬಳಿ ನಿಂತು ಕೊನೆಯ ಬಾರಿ ಕೂಗುತ್ತಿತ್ತು. ಕೌಂಟರೆಂದರೆ ಒಂದು ಬೆಂಚು, ಒಂದು ಬಲ್ಬು, ಬಿಸ್ಕತ್ತಿನ ಡಬ್ಬಿಯಲ್ಲಿ ಚಿಲ್ಲರೆ. ಗ್ಯಾಲರಿಗೆ 60 ರೂಪಾಯಿ, ಕುರ್ಚಿಗೆ 100. ಸಂಶೋಧಕನು ತನ್ನ ಮೊದಲ ಪ್ರಶ್ನೆಯನ್ನು ಕೌಂಟರಿನ ಹುಡುಗನಿಗೇ ಹಾಕಿದನು: "ಬುಧವಾರವಾದ್ದರಿಂದ ದರ ಇಳಿಸುವ ಚಿಂತನೆ ಇದೆಯೇ?"

ಅವನಿಗೆ ಕನ್ನಡ ಬರುತ್ತಿತ್ತು, ಕೊಡಗಿನಲ್ಲಿ ಶುಂಠಿ ಗುತ್ತಿಗೆ ಮಾಡಿದವರ ಮಗ. ಆದರೂ ಪ್ರಶ್ನೆ ಅರ್ಥವಾಗಲಿಲ್ಲ. ಪಕ್ಕದವನನ್ನು ಕೇಳಿದ. ಪಕ್ಕದವನು ಮೊಬೈಲು ನೋಡಿದ. "ಹೌದು, ಇವತ್ತು ಬುಧವಾರ," ಎಂದ. "ನಮಗೆ ಇದು ಎರಡನೇ ರೌಂಡಿನ ಮೂರನೇ ಕಳಿ, ಸಾರೇ. ನಾಳೆ ನಾಲ್ಕನೇದು."

ಕಳಿ ಎಂದರೆ ಆಟ; ಅವನ ಈ ಒಂದು ಮಾತಿನಿಂದ ಪ್ರಬಂಧದ ಮೂರನೇ ಅಧ್ಯಾಯ (ಸೋಮವಾರದಿಂದ ಶುಕ್ರವಾರದವರೆಗಿನ ಬೇಡಿಕೆಯ ರೇಖಾಚಿತ್ರ, ಹದಿನಾಲ್ಕು ಪುಟ) ರದ್ದಾಯಿತು. ದಿನವೂ ಆಟವಿರುವಲ್ಲಿ ವಾರವೇ ಇಲ್ಲ. ಅವರ ಪಂಚಾಂಗದಲ್ಲಿರುವುದು ರೌಂಡು, ಕ್ವಾರ್ಟರು, ಸೆಮಿ. ಇಂದು ಗೆದ್ದ ತಂಡ ಮತ್ತೆ ಬರುತ್ತದೆ, ಸೋತದ್ದು ಬರುವುದಿಲ್ಲ. ಆದ್ದರಿಂದ ಇಂದು ಬಾರದವನಿಗೆ ನಾಳೆ ಚಹಾದಂಗಡಿಯಲ್ಲಿ ಬಾಯಿ ಇರುವುದಿಲ್ಲ.

ಸಂಶೋಧಕನು ಧೃತಿಗೆಡದೆ ಆಸನಗಳ ಗಣತಿಗೆ ತೊಡಗಿದನು. ದ್ಯುಪ್ವಿ ಇಲ್ಲಿ ಬಂದಿದ್ದರೆ ತನ್ನ ಪುಸ್ತಕ ಹರಿಯುತ್ತಿದ್ದ. ಗ್ಯಾಲರಿಯಲ್ಲಿ ಸೂಜಿಗೂ ಜಾಗವಿರಲಿಲ್ಲ. ಕುರ್ಚಿಯ ಟಿಕೆಟು ಕೊಂಡವರು ಹತ್ತು ನಿಮಿಷ ಕೂತು, ಗೆಳೆಯರು ಕೂಗಿ ಕರೆದದ್ದೇ ತಡ, ಹಲಗೆ ಹತ್ತಿ ಕುಂಡೆ ನೋಯಿಸಿಕೊಳ್ಳಲು ಹೋದರು. ನೂರು ಕೊಟ್ಟು ಅರವತ್ತರ ಜಾಗಕ್ಕೆ ಸ್ವಇಚ್ಛೆಯಿಂದ ಹತ್ತುವ ಗ್ರಾಹಕನಿಗೆ ಅರ್ಥಶಾಸ್ತ್ರದಲ್ಲಿ ಹೆಸರಿಲ್ಲ. ಶೀಟಿನ ಆಚೆಯ ಹಲಸಿನ ಮರದಲ್ಲಿ ಒಂಬತ್ತು ಮಂದಿ. ಅಲ್ಲಿ ದರ ಸೊನ್ನೆ, ನೋಟ ಎಲ್ಲಕ್ಕಿಂತ ಉತ್ತಮ, ಆದರೂ ಅರ್ಧದಷ್ಟು ಕೊಂಬೆಗಳು ಖಾಲಿ! ಪುಕ್ಕಟೆಯಾದರೆ ತುಂಬುತ್ತದೆಂಬ ಸಿದ್ಧಾಂತಕ್ಕೆ ಇದೊಂದು ಪೆಟ್ಟು.

ಎರಡನೆಯ ಪೆಟ್ಟು ಮೊದಲ ಸಾಲಿನಲ್ಲಿ. ಅಲ್ಲಿ ಬಿಳಿ ಬಟ್ಟೆ ಹೊದಿಸಿದ ಸೋಫಾ, ಗೌರವ ಪಾಸಿನವರಿಗೆ. ಪಂದ್ಯಕ್ಕೆ ಮೊದಲು ಅತಿಥಿಗಳು ಇಳಿದು ಆಟಗಾರರ ಕೈಕುಲುಕಿದರು, ಫೋಟೊ ಆಯಿತು, ಮೈಕಿನಲ್ಲಿ ಹೆಸರು ಬಂತು. ಕಿಕ್ ಆದ ಆರನೇ ನಿಮಿಷಕ್ಕೆ ಸೋಫಾದ ಮೇಲೆ ಉಳಿದದ್ದು ಒಂದು ಹೂಗುಚ್ಛ. ಯಕ್ಷಗಾನದ ಟೆಂಟಿನಲ್ಲಿ ಮುಂದಿನ ಸಾಲು ಕಂಡವರಿಗೆ ಇದು ಹೊಸದಲ್ಲ. ಕುರ್ಚಿ ಬಿಟ್ಟವರು ಹಲಗೆಯ ಮೇಲಾದರೂ ಇದ್ದರು; ಇಡೀ ಮೈದಾನದಲ್ಲಿ ನಿಜವಾಗಿ ಖಾಲಿ ಇದ್ದ ಆಸನಗಳು ಹಣ ಪಡೆಯದೆ ಕೊಟ್ಟವು ಮಾತ್ರ. ಸಂಶೋಧಕನು ಅದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡನು.

"ಏನ್ ಮೇಷ್ಟ್ರೇ, ಆಟ ನೋಡಕ್ ಬಂದಿದ್ದೀರೋ ಜನ ಎಣ್ಸಕ್ ಬಂದಿದ್ದೀರೋ?" ಎಂದ ಚಾಲಕ, ಕಡಲೆಕಾಯಿ ಪೊಟ್ಟಣ ಚಾಚುತ್ತ.

ಆಗ ಸಂಶೋಧಕನು ಅವನಿಗೆ ತನ್ನ ಮುಖ್ಯ ಶಿಫಾರಸನ್ನು ವಿವರಿಸಿದನು. ಸೀಟಿ ಊದಿದ ಮೇಲೆ ಖಾಲಿ ಕುರ್ಚಿಗೆ ಬೆಲೆಯಿಲ್ಲ, ಆದ್ದರಿಂದ ಕೊನೆಯ ಗಂಟೆಯಲ್ಲಿ ಉಳಿದ ಟಿಕೆಟನ್ನು ಅರ್ಧ ದರಕ್ಕೆ ಕೊಟ್ಟುಬಿಡಬೇಕು, ಎಂದು. ವಿಮಾನದವರೂ ಹೋಟೆಲಿನವರೂ ದರವನ್ನು ಗಳಿಗೆಗೊಮ್ಮೆ ಬದಲಿಸುವುದನ್ನು ಉದಾಹರಿಸಿದನು.

"ಟೊಮೆಟೊ ತರ," ಎಂದ ಅವನು.

"ಹೂಂ, ಟೊಮೆಟೊ ತರ."

"ಅದ್ನೇ ಮಾಡ್ಬಾರ್ದು ಮೇಷ್ಟ್ರೇ. ಒಂದಿನ ಸಂಜೆ ಮೇಲೆ ಅರ್ಧ ರೇಟಿಗ್ ಬಿಟ್ರೆ ಮಾರ್ನೇ ದಿನ ಬೆಳಿಗ್ಗೆ ಒಬ್ನೂ ಬರಲ್ಲ. ಎಲ್ಲಾ ಸಂಜೆಗ್ ಕಾಯ್ತವ್ರೆ. ಬೆಳಿಗ್ಗೆ ಪೂರ್ತಿ ಕೊಟ್ಟೋನು ಬೈತಾನೆ. ಉಳಿದ್ರೆ ದನಕ್ ಹಾಕಿ, ರೇಟ್ ಮಾತ್ರ ಮುರೀಬೇಡಿ."

ಸೀಸನ್ ಟಿಕೆಟಿನವರ ಅಸಮಾಧಾನದ ಬಗ್ಗೆ ನಾನು ಬರೆಯಲಿದ್ದ ಐದನೇ ಅಧ್ಯಾಯವನ್ನು ಅವನು ಎರಡು ಕಡಲೆಕಾಯಿ ಸುಲಿಯುವುದರೊಳಗೆ ಮುಗಿಸಿದ್ದ. ಇಲ್ಲಿಂದ ಮುಂದೆ ಸಂಶೋಧಕನು ಎಂದು ಬರೆಯಲು ನಾಚಿಕೆಯಾಗುತ್ತದೆ, ನಾನು ಎಂದೇ ಬರೆಯುತ್ತೇನೆ.

ಹಾಗಾದರೆ ಬುಧವಾರ ತುಂಬುವುದು ಯಾವುದರಿಂದ? 2016ರ ಅಕ್ಟೋಬರ್ 19 ನೆನಪಾಯಿತು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೋರ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ರಾತ್ರಿ. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಅದೂ ಬುಧವಾರವೇ. ಇನ್ನೊಂದು 2018ರ ಜೂನ್. ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ಗೆ ಹೊಡೆದಾಗ ನೋಡಲು ಬಂದವರು 2,569 ಮಂದಿ, ಅದು ಶುಕ್ರವಾರ. ಸುನಿಲ್ ಛೆಟ್ರಿ ಕ್ಯಾಮೆರಾದ ಮುಂದೆ ನಿಂತು, ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬನ್ನಿ ಎಂದು ಬೇಡಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಸುರಿವ ಮಳೆಯಲ್ಲಿ ಮೈದಾನ ತುಂಬಿತು. ಅಂದು ಸೋಮವಾರ. ದರದ ಬಗ್ಗೆ ಛೆಟ್ರಿ ತುಟಿ ಬಿಚ್ಚಿರಲಿಲ್ಲ. ಕರೆದರು, ಬಂದರು. ಮದುವೆಗೆ ಕಾರ್ಡು ಕೊಡುವುದಕ್ಕೂ ಮನೆಗೆ ಹೋಗಿ ಕುಂಕುಮವಿಟ್ಟು ಕರೆಯುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಪಂದ್ಯ ಮುಗಿದಾಗ ಹತ್ತು ಗಂಟೆ ದಾಟಿತ್ತು. ವಯನಾಡಿನವರು ಬೈಕು ಹತ್ತಿ ಮನೆಗೆ ಹೋದರು. ಕನ್ನಡಿಗರಾದ ನಮ್ಮ ಮುಂದೆ ಪ್ರಬಂಧದ ಅತಿ ದೊಡ್ಡ ಖರ್ಚು ಕಾದಿತ್ತು. ಬಂಡೀಪುರದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಆಗ ಅದರ ಸಂಖ್ಯೆ 212, ಈಗ 766. ಕೆಲವೇ ಸರ್ಕಾರಿ ಬಸ್ಸು, ಆಂಬುಲೆನ್ಸು ಬಿಟ್ಟರೆ ಯಾರಿಗೂ ದಾರಿಯಿಲ್ಲ. ಮಾನಂದವಾಡಿಯಿಂದ ಬಾವಲಿ ಮೇಲೆ ಮೈಸೂರಿಗೆ ಹೋಗುವ ನಾಗರಹೊಳೆಯ ದಾರಿ ಸಂಜೆ ಆರಕ್ಕೇ ಮುಚ್ಚುತ್ತದೆ. ನನಗೆ ಇದರ ಮೇಲೆ ದೂರಿಲ್ಲ, ಕಾಡು ಆನೆಗಳದು, ರಾತ್ರಿ ಅವುಗಳ ಪಾಳಿ. ಆದರೆ ಟಿಕೆಟ್ ದರದ ಪಂಡಿತರು ಈ ಗೇಟನ್ನು ಯಾವ ಸೂತ್ರದಲ್ಲೂ ಸೇರಿಸಿಲ್ಲ.

ಪಿಕಪ್ಪಿನ ದೀಪದಲ್ಲಿ ಲೆಕ್ಕ ಹಾಕಿದೆ. ಟಿಕೆಟು 60. ಪೊರೋಟ, ಕಟ್ಟನ್ ಚಾಯ, ಕಡಲೆಕಾಯಿ 130. ಡೀಸೆಲಿನಲ್ಲಿ ನನ್ನ ಪಾಲು 250. ಲಾಡ್ಜಿನಲ್ಲಿ ಕೇಳಿದ್ದು 700. ಒಟ್ಟು 1,140. ದರವನ್ನು ಅರ್ಧಕ್ಕಿಳಿಸಿದರೆ ನನಗೆ ಉಳಿಯುವುದು 30, ಶೇಕಡಾ 2.632. ಮೂರು ದಶಾಂಶ ಸ್ಥಾನಗಳ ಮಾತು ಕೊಟ್ಟಿದ್ದೆನಲ್ಲ, ಉಳಿಸಿಕೊಂಡೆ.

ಲಾಡ್ಜ್ ಬಿಟ್ಟೆವು. ಮುತ್ತಂಗದ ಹತ್ತಿರ ಲಾರಿಗಳ ಸಾಲಿನ ಹಿಂದೆ ನಿಲ್ಲಿಸಿ, ಖಾಲಿ ಟೊಮೆಟೊ ಕ್ರೇಟುಗಳ ಮೇಲೆ ಟಾರ್ಪಾಲು ಹಾಸಿ ಮಲಗಿದೆವು. ಪ್ರಶ್ನಾವಳಿಯ ನಲವತ್ತು ಪ್ರತಿಗಳೂ ತಲೆಯ ಕೆಳಗೆ ಒಳ್ಳೆಯ ಉಪಯೋಗಕ್ಕೆ ಬಂದವು. ಮುಂದಿನ ಲಾರಿಯ ಕ್ಲೀನರು ಕೋಯಿಕ್ಕೋಡಿನವನು, ಸ್ಕೋರು ಕೇಳಿದ. ಹೇಳಿದೆ. ಎರಡನೇ ಗೋಲು ಯಾರದು ಎಂದ. ಅದನ್ನು ಹೊಡೆದಾಗ ನಾನು ಸೋಫಾ ಎಣಿಸುತ್ತಿದ್ದೆ. ಚಾಲಕ ನಿದ್ದೆಗಣ್ಣಲ್ಲೇ ಹೇಳಿದ, ಯಾರು ಪಾಸು ಕೊಟ್ಟರು ಎಂಬುದನ್ನೂ ಸೇರಿಸಿ.

ಆರಕ್ಕೆ ಗೇಟು ತೆರೆಯಿತು. ಮಂಜಿನಲ್ಲಿ ಲಾರಿಗಳು ಒಂದೊಂದಾಗಿ ಕದಲಿದವು. ಬಿಸಿಲಿನ ಪರದೆ ಇಳಿಸಲು ಕೈ ಚಾಚಿದ ಚಾಲಕನ ಮಡಿಲಿಗೆ ಎರಡು ಗುಲಾಬಿ ಚೀಟಿಗಳು ಬಿದ್ದವು. ಸೆಮಿಫೈನಲ್ಲಿನವು, ಹೊರಬರುವಾಗ ಕೊಂಡನಂತೆ. "ನಿಮ್ದೂ ತಗೊಂಡಿವ್ನಿ ಮೇಷ್ಟ್ರೇ, ಆದ್ರೆ ಪೆನ್ನು ಮನೇಲ್ ಬಿಟ್ ಬನ್ನಿ," ಎಂದ. ಆನೆ ದಾಟಿದ ಗುರುತು ರಸ್ತೆಯ ಮೇಲೆ ಇನ್ನೂ ಹಸಿಯಾಗಿತ್ತು, ಅದನ್ನೇ ನೋಡುತ್ತ ಕೂತವನಿಗೆ ಟಿಕೆಟಿಗೆ ಎಷ್ಟಾಯಿತೆಂದು ಕೇಳುವುದು ಮೂಲೆಹೊಳೆ ದಾಟುವವರೆಗೂ ಹೊಳೆಯಲಿಲ್ಲ.